ಎರಡು ಬಾಜಾಪೆಟ್ಟಿಗೆಗಳು

ಕಳೆದ ಮಾಘಮಾಸದ ಒಂದು ಬೆಳಿಗ್ಗೆ ಕಳ್ಳಂಬೆಳ್ಳದಿಂದ ಅತ್ತಿಗೆಯವರ ಕರೆ ಬಂದಿತು. ದೊಡ್ಡಪ್ಪನವರ ಹಳೆಯ ಮನೆಯನ್ನು ಕೆಡವಿಸಿ ಹೊಸದಾಗಿ ಕಟ್ಟಿಸುವ ತೀರ್ಮಾನವಾಗಿದೆ. "ಮೇಷ್ಟ್ರೇ, ಅಟ್ಟದ ಕೆಳಗಿನ ಕೋಣೆಯಲ್ಲಿ ಮಾವನವರ ಎರಡೂ ಹಾರ್ಮೋನಿಯಂ ಇವೆ. ಒಂದನ್ನು ನೀವು ತಗೊಂಡು ಹೋಗಿ. ನಮ್ಮ ಮನೇಲಿ ನುಡಿಸೋರು ಯಾರೂ ಇಲ್ಲ," ಎಂದರು. ಯಾವುದನ್ನು ತರಲಿ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಎರಡು ವಾರ ಕಳೆದೆ. ಆ ಎರಡು ವಾರಗಳಲ್ಲಿ ಓದಿದ್ದನ್ನೂ ನೆನೆದದ್ದನ್ನೂ ನನ್ನ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಇಲ್ಲಿ ಒಪ್ಪಿಸುತ್ತಿದ್ದೇನೆ.

ಎರಡು ಪೆಟ್ಟಿಗೆಗಳಲ್ಲಿ ಒಂದು ಕಾಲು ಹಾರ್ಮೋನಿಯಂ. ಮೇಜಿನಷ್ಟು ಎತ್ತರ, ಕೆಳಗೆ ಎರಡು ತುಳಿಯುವ ಹಲಗೆಗಳು. ಕಾಲಿನಿಂದ ತಿದಿಯನ್ನೊತ್ತಿದರೆ ಗಾಳಿ ರೀಡುಗಳನ್ನು ಮಿಡಿಯುತ್ತದೆ, ಎರಡು ಕೈಗಳೂ ನುಡಿಸಲು ಬಿಡುವಾಗಿರುತ್ತವೆ. ಸಿರಾದಲ್ಲಿ ಮೊಕ್ಕಾಂ ಮಾಡಿದ್ದ ಒಂದು ನಾಟಕ ಕಂಪನಿ ನಷ್ಟದಿಂದ ಮುಚ್ಚಿಹೋದಾಗ, ಸಾಮಾನುಗಳನ್ನು ಬಿಡಿಬಿಡಿಯಾಗಿ ಮಾರಿದರಂತೆ. ಪರದೆಗಳು ಒಬ್ಬರ ಪಾಲಾದವು, ಕಿರೀಟಗಳು ಇನ್ನೊಬ್ಬರ ಪಾಲಾದವು, ಈ ಪೆಟ್ಟಿಗೆ ನಮ್ಮ ದೊಡ್ಡಪ್ಪನವರ ಪಾಲಿಗೆ ಬಂದಿತು. ಇನ್ನೊಂದು ಕೈ ಹಾರ್ಮೋನಿಯಂ. ಒಬ್ಬನೇ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಬಹುದಾದ ಗಾತ್ರ. ಇದನ್ನು ಕೊಂಡದ್ದು 1977ರಲ್ಲಿ. ಕೊಳ್ಳುವಂತೆ ಮಾಡಿದವನು ನಾನೇ. ಆ ಸಂಗತಿಗೆ ಆಮೇಲೆ ಬರುತ್ತೇನೆ.

ಹಾರ್ಮೋನಿಯಂ ನಮ್ಮ ನೆಲದ ವಾದ್ಯವಲ್ಲವೆಂಬುದು ನಿಮಗೆ ತಿಳಿದದ್ದೇ. ಪ್ಯಾರಿಸ್ಸಿನ ಅಲೆಕ್ಸಾಂಡ್ರ ದೆಬೆಂ ಎಂಬ ವಾದ್ಯ ತಯಾರಕನು 1840ರ ದಶಕದ ಆರಂಭದಲ್ಲಿ ಈ ಹೆಸರಿನ ವಾದ್ಯಕ್ಕೆ ಹಕ್ಕುಪತ್ರ ಪಡೆದನು. ಅದು ಕಾಲಿನಿಂದ ಗಾಳಿಯೂಡುವ ವಾದ್ಯ. ಪಾದ್ರಿಗಳೊಡನೆಯೂ ಅಧಿಕಾರಿಗಳೊಡನೆಯೂ ಹಡಗೇರಿ ಬಂದು ಇಲ್ಲಿನ ಇಗರ್ಜಿಗಳಲ್ಲಿಯೂ ಬಂಗಲೆಗಳಲ್ಲಿಯೂ ನೆಲೆಸಿತು. ಆದರೆ ನಮ್ಮ ಸಂಗೀತಗಾರರು ನೆಲದ ಮೇಲೆ ಪದ್ಮಾಸನ ಹಾಕಿ ಕೂರುವವರು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಕಾಲುಗಳನ್ನು ತೆಗೆದು, ತಿದಿಯನ್ನು ಪೆಟ್ಟಿಗೆಯ ಹಿಂಬದಿಗೆ ತಂದು, ಕೈಯಿಂದ ಗಾಳಿಯೂಡುವಂತೆ ಮಾರ್ಪಡಿಸಿದರು. ರೀಡುಗಳು ಬಹುಕಾಲ ಯೂರೋಪಿನಿಂದಲೇ ಬರುತ್ತಿದ್ದವು. ಹಳೆಯ ಮೇಷ್ಟ್ರುಗಳು "ಜರ್ಮನ್ ರೀಡು", "ಪ್ಯಾರಿಸ್ ರೀಡು" ಎಂದು ಇಂದಿಗೂ ಗೌರವದಿಂದ ಹೇಳುವುದು ಇದರಿಂದಲೇ. ಮುಂದೆ ಗುಜರಾತಿನ ಪಾಲಿತಾಣಾ ಊರು ರೀಡು ತಯಾರಿಕೆಗೆ ಹೆಸರಾಯಿತು.

ನಮ್ಮ ಜಿಲ್ಲೆಗೆ ಈ ವಾದ್ಯ ಬಂದದ್ದು ನಾಟಕದ ಬಂಡಿಯಲ್ಲಿ. ಪಾರ್ಸಿ ಮತ್ತು ಮರಾಠಿ ಕಂಪನಿಗಳ ಸಂಗೀತ ನಾಟಕಗಳನ್ನು ಕಂಡು ಕನ್ನಡದ ಕಂಪನಿಗಳೂ ಹಾರ್ಮೋನಿಯಮ್ಮನ್ನು ರಂಗದ ಮುಂದಿಟ್ಟವು. 1884ರಲ್ಲಿ ಹುಟ್ಟಿ, ಗುಬ್ಬಿ ವೀರಣ್ಣನವರ (1891–1972) ಕೈಯಲ್ಲಿ ನಾಡಿಗೆಲ್ಲ ಹೆಸರಾದ ಗುಬ್ಬಿ ಕಂಪನಿ ನಮ್ಮ ತುಮಕೂರು ಜಿಲ್ಲೆಯದೇ ಅಲ್ಲವೆ? ಧ್ವನಿವರ್ಧಕವಿಲ್ಲದ ಕಾಲ. ಸಾವಿರ ಜನ ಕುಳಿತ ಡೇರೆಯಲ್ಲಿ ಕಟ್ಟಕಡೆಯ ನಾಲ್ಕಾಣೆಯವನಿಗೂ ಶ್ರುತಿ ಕೇಳಿಸಬೇಕು. ನಟನ ಕಂಠ ಬಿದ್ದರೆ ಎತ್ತಿ ಹಿಡಿಯಬೇಕು. ತಂಬೂರಿಯ ನಾದ ಅಷ್ಟು ದೂರ ಹೋಗದು. ಕಾಲು ಹಾರ್ಮೋನಿಯಂ ಆ ಕೆಲಸವನ್ನು ಮಾಡಿತು. ಅದರ ಮುಂದೆ ಕುಳಿತವನು ಬರಿಯ ವಾದಕನಲ್ಲ, ಇಡೀ ಹಿಮ್ಮೇಳದ ಯಜಮಾನ.

ಕಂಪನಿಗಳಿಂದ ಅದು ಹಳ್ಳಿಗಳಿಗೆ ಇಳಿಯಿತು. ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ 'ಕುರುಕ್ಷೇತ್ರ' ಆಡದ ಊರನ್ನು ನಮ್ಮ ಬಾಲ್ಯದಲ್ಲಿ ಹುಡುಕಬೇಕಿತ್ತು. ಪಾತ್ರಧಾರಿಗಳು ತಮ್ಮ ಪಾತ್ರಕ್ಕೆ ತಾವೇ ಹಣ ಹಾಕಿ, ಹಾರ್ಮೋನಿಯಂ ಮೇಷ್ಟ್ರನ್ನು ಎರಡು ಮೂರು ತಿಂಗಳು ಊರಿಗೆ ಕರೆಸಿಕೊಂಡು, ಹೊಲದ ಕೆಲಸ ಮುಗಿಸಿ ಬಂದು ರಾತ್ರಿಯೆಲ್ಲ ಕಂದ, ವೃತ್ತ, ಹಾಡುಗಳನ್ನು ಕಲಿಯುತ್ತಿದ್ದರು. ಅದಕ್ಕೂ ಮುಂಚೆ ಇದೇ ಬಯಲುಗಳಲ್ಲಿ ಮೂಡಲಪಾಯ ಯಕ್ಷಗಾನವಿತ್ತು. ಅದರ ಜೀವಾಳ ಮುಖವೀಣೆ ಮತ್ತು ಮದ್ದಳೆ. ಮುಖವೀಣೆಗೆ ಉಸಿರು ಕೊಡಬಲ್ಲವರು ಅಪರೂಪವಾಗುತ್ತಾ ಬಂದಂತೆ ಅಲ್ಲಿಯೂ ಹಾರ್ಮೋನಿಯಂ ಪ್ರವೇಶಿಸಿತು. ಹಳಬರು ನೊಂದುಕೊಂಡಿರಬೇಕು. "ಇದು ಅನುಕೂಲದ ಪೆಟ್ಟಿಗೆ, ನಾದದ ವಾದ್ಯವಲ್ಲ" ಎಂಬ ಮಾತನ್ನು ನಾನು ಚಿಕ್ಕಂದಿನಲ್ಲಿ ಒಬ್ಬ ಮುದುಕರ ಬಾಯಿಂದ ಕೇಳಿದ್ದೇನೆ.

ಆ ಮುದುಕರ ದೂರು ಹಳ್ಳಿಗೆ ಸೀಮಿತವಾಗಿರಲಿಲ್ಲ. ಆಲ್ ಇಂಡಿಯಾ ರೇಡಿಯೋ 1940ರ ಮಾರ್ಚ್ 1ರಿಂದ ಹಾರ್ಮೋನಿಯಮ್ಮನ್ನು ತನ್ನ ನಿಲಯಗಳಿಂದ ಹೊರಗಿಟ್ಟಿತು. ರವೀಂದ್ರನಾಥ ಠಾಕೂರರೂ ಈ ವಾದ್ಯದ ವಿರೋಧಿಯಾಗಿದ್ದರು. ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಜಾರುವ ಗಮಕ ಇದರಲ್ಲಿ ಬಾರದು. ಜೊತೆಗೆ ಸ್ವರಸ್ಥಾನದ ತೊಡಕು. ನನ್ನ ವಿಜ್ಞಾನದ ತರಗತಿಯಲ್ಲಿ ಶ್ರುತಿಕವೆಯನ್ನು ರಬ್ಬರಿಗೆ ಬಡಿದು ಕಿವಿಗೆ ಹಿಡಿದವರು ಇದನ್ನು ಸುಲಭವಾಗಿ ಗ್ರಹಿಸುವಿರಿ. ಷಡ್ಜವು ಸೆಕೆಂಡಿಗೆ 240 ಕಂಪನಗಳೆಂದಿಟ್ಟುಕೊಂಡರೆ, ತಂಬೂರಿಯ ನಾದಕ್ಕೆ ಹೊಂದುವ ಅಂತರ ಗಾಂಧಾರ ಅದರ ಐದು ನಾಲ್ಕನೆಯ ಪಾಲು, ಎಂದರೆ 300. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ ಕೂಡಿಸಿದ ಹಾರ್ಮೋನಿಯಂ ಕೊಡುವುದು ಸುಮಾರು 302.4. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಎರಡು ಮೂರು ಬಾರಿ ನಾದ ಅಲೆಯಂತೆ ಏರಿಳಿಯುತ್ತದೆ. ಸೂಕ್ಷ್ಮ ಕಿವಿಗೆ ಅದು ಕಾಲಿಗೆ ಚುಚ್ಚಿದ ಮುಳ್ಳು.

1971ರಲ್ಲಿ ಆ ನಿಷೇಧವನ್ನು ಭಾಗಶಃ ಸಡಿಲಿಸಿದರು. ಪಕ್ಕವಾದ್ಯವಾಗಿ ಕೆಲವರಿಗೆ ಅವಕಾಶವಾಯಿತು, ತನಿವಾದನಕ್ಕೆ ಮತ್ತೂ ದಶಕಗಳು ಕಾಯಬೇಕಾಯಿತು. ಮೂವತ್ತೊಂದು ವರ್ಷ ಬಾನುಲಿಗೆ ಬೇಡವಾಗಿದ್ದ ವಾದ್ಯ ಅಷ್ಟೂ ಕಾಲ ನಮ್ಮ ಊರುಗಳಲ್ಲಿ ಬೆಳಗಿನ ತನಕ ಮೊಳಗುತ್ತಲೇ ಇತ್ತು. ದುರ್ಯೋಧನನ ಪಾತ್ರ ಮಾಡುತ್ತಿದ್ದ ನಮ್ಮೂರ ಗೌಡರಿಗೆ 302.4ರ ಗೊಡವೆ ಇರಲಿಲ್ಲ.

ಸಭೆಯ ಕೊನೆಯ ಸಾಲಿಗೆ ನಾದ ಮುಟ್ಟಬೇಕೆಂಬ ಚಿಂತೆ ದೊಡ್ಡ ವಿದ್ವಾಂಸರನ್ನೂ ಬಿಟ್ಟಿರಲಿಲ್ಲ. ಪಿಟೀಲು ಚೌಡಯ್ಯನವರು (1895–1967) 1920ರ ದಶಕದಲ್ಲಿ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಹಿಡಿದದ್ದು ಇದೇ ಕಾರಣಕ್ಕೆ. ಕಲಿತ ವಾದ್ಯವನ್ನು ಬಿಟ್ಟು ಹೊಸದನ್ನು ಹಿಡಿಯುವುದು ಎಂಥ ಧೈರ್ಯದ ಕೆಲಸವೆಂಬುದು ಬೆರಳುಗಳಿಗೆ ಗೊತ್ತು. ಅವರು ತಮ್ಮ ಆಯ್ಕೆಯನ್ನು ತಾವೇ ಮಾಡಿಕೊಂಡರು. ನಮ್ಮ ದೊಡ್ಡಪ್ಪನವರ ವಿಷಯದಲ್ಲಿ ಹಾಗಾಗಲಿಲ್ಲ.

ಈಗ 1977ರ ಸಂಗತಿ. ನಾನಾಗ ತುಮಕೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ಎಲ್ಲವನ್ನೂ ಲೆಕ್ಕ ಹಾಕಿ ತೀರ್ಮಾನಿಸಬಹುದೆಂಬ ವಯಸ್ಸು. ದೊಡ್ಡಪ್ಪನವರಿಗೆ ದೂರದ ಹಳ್ಳಿಗಳಿಂದ ಕರೆ ಬರುತ್ತಿತ್ತು, ಹೋಗಲಾಗುತ್ತಿರಲಿಲ್ಲ. ಕಾಲು ಹಾರ್ಮೋನಿಯಂ ಸಾಗಿಸಲು ಎತ್ತಿನ ಗಾಡಿ ಬೇಕು, ಇಳಿಸಲು ಇಬ್ಬರು ಆಳು ಬೇಕು. ಬಸ್ಸಿನ ಮೇಲೆ ಹೇರಿದರೆ ರೀಡು ಅಲುಗುತ್ತವೆ. ಅಷ್ಟರಲ್ಲಿ ನಮ್ಮ ಹಳ್ಳಿಗಳಿಗೆ ಮೈಕ್ ಸೆಟ್ಟುಗಳು ಬಂದಿದ್ದವು. ದೊಡ್ಡ ನಾದದ ಅಗತ್ಯವೇ ತಪ್ಪಿತ್ತು. ನಾನು ಒಂದು ಕಾಗದದ ಮೇಲೆ ಎರಡು ಕಲಂ ಹಾಕಿ ತೂಕ, ಸಾಗಣೆ, ದುರಸ್ತಿ, ವರ್ಷಕ್ಕೆ ಒಪ್ಪಬಹುದಾದ ನಾಟಕಗಳ ಸಂಖ್ಯೆ ಎಲ್ಲವನ್ನೂ ಬರೆದು ಅವರ ಮುಂದಿಟ್ಟೆ. ಎಲ್ಲದರಲ್ಲಿಯೂ ಕೈ ಹಾರ್ಮೋನಿಯಮ್ಮೇ ಗೆದ್ದಿತ್ತು. ಅವರು ಬಹಳ ಹೊತ್ತು ಆ ಕಾಗದವನ್ನು ನೋಡಿದರು. ಮರುವಾರ ಬೆಂಗಳೂರಿಗೆ ಹೋಗಿ ಕೊಂಡುತಂದರು.

ನನ್ನ ಲೆಕ್ಕ ಸುಳ್ಳಾಗಲಿಲ್ಲ. ಕೊರಟಗೆರೆಯ ಕಡೆಗೂ ಮಧುಗಿರಿಯ ಕಡೆಗೂ ಹೋದರು, ಎರಡು ಹೆಣ್ಣುಮಕ್ಕಳ ಮದುವೆ ಮಾಡಿದರು. ಆದರೆ ಒಂದು ಸಂಜೆ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದಾಗ ನಾನು, "ಹೊಸ ಪೆಟ್ಟಿಗೆ ಹೇಗಿದೆ ದೊಡ್ಡಪ್ಪ?" ಎಂದು ಕೇಳಿದೆ. ಹೊಗಳಿಕೆ ನಿರೀಕ್ಷಿಸಿದ್ದೆ ಎನ್ನಬೇಕು. ಅವರು ನಗುತ್ತಲೇ ಅಂದರು: "ಚೆನ್ನಾಗೈತೆ ಕಣೋ. ಒಂದು ಕೈ ಹಾಡ್ತದೆ, ಇನ್ನೊಂದು ಕೈ ಕೂಲಿ ಮಾಡ್ತದೆ."

ನಾನು ಹಾಕಿದ ಕಲಂಗಳಲ್ಲಿ ಎಡಗೈಗೆ ಜಾಗವಿರಲಿಲ್ಲ. ಮೂವತ್ತು ವರ್ಷ ಎರಡು ಕೈಗಳಿಂದ ನುಡಿಸಿದವರು, ಬಲಗೈ ಹಾಡಿನ ಹಿಂದೆ ಓಡುವಾಗ ಎಡಗೈಯಲ್ಲಿ ಷಡ್ಜ ಪಂಚಮಗಳನ್ನು ತುಂಬಿ ನಿಲ್ಲಿಸುತ್ತಿದ್ದವರು. ಆ ಎಡಗೈ ಈಗ ತಿದಿಯೊತ್ತುತ್ತಿತ್ತು. ಮತ್ತೆ ಅವರು ಕಾಲು ಹಾರ್ಮೋನಿಯಮ್ಮಿನ ಮುಚ್ಚಳ ತೆಗೆದದ್ದನ್ನು ನಾನು ಕಾಣಲಿಲ್ಲ. ಯಾರನ್ನೂ ದೂರಲಿಲ್ಲ, ನನ್ನನ್ನಂತೂ ಇಲ್ಲವೇ ಇಲ್ಲ. ಆ ಮಾತನ್ನೂ ಎರಡನೆಯ ಬಾರಿ ಆಡಲಿಲ್ಲ.

ಆದ್ದರಿಂದ ಅತ್ತಿಗೆಯವರ ಕರೆ ಬಂದಾಗ ನನ್ನೆದುರಿಗೆ ಮತ್ತದೇ ಕಾಗದ ಬಂದು ನಿಂತಂತಾಯಿತು. ಬುದ್ಧಿ ಹೇಳುವುದು ಸ್ಪಷ್ಟವಾಗಿತ್ತು. ತುಮಕೂರಿನ ನಮ್ಮ ಮನೆ ಚಿಕ್ಕದು. ನನಗೆ ಮಂಡಿನೋವು, ತುಳಿಯುವ ವಾದ್ಯ ನನ್ನದಲ್ಲ. ಕೈ ಹಾರ್ಮೋನಿಯಂ ಇಂದಿಗೂ ಶ್ರುತಿಯಲ್ಲಿದೆ, ಕಾಲಿನದರ ತಿದಿಯ ಚರ್ಮವನ್ನು ಇಲಿ ಕಡಿದಿದೆ. ಮನಸ್ಸು ಮಾತ್ರ ಹಳೆಯದರ ಹತ್ತಿರವೇ ಕುಳಿತಿತ್ತು. ಅದು ಪಶ್ಚಾತ್ತಾಪವೋ ಪ್ರೀತಿಯೋ ಎಂದು ನನಗೇ ಅನುಮಾನವಾಗಿ, ಬರಿಯ ಪಶ್ಚಾತ್ತಾಪದಿಂದ ವಸ್ತುವನ್ನು ಮನೆಗೆ ತರಬಾರದೆಂದು ತಡೆದೆ.

ಊರಿಗೆ ಹೋಗಿ ಅತ್ತಿಗೆಯವರನ್ನು ಒಂದು ಪ್ರಶ್ನೆ ಕೇಳಿದೆ: ನಾನು ಬಿಟ್ಟುಹೋದದ್ದು ಏನಾಗುತ್ತದೆ? ಕೈ ಪೆಟ್ಟಿಗೆಯಾದರೆ ಭಜನೆ ಮಂದಿರದವರು ಆಗಲೇ ಕೇಳಿದ್ದಾರೆ, ಪ್ರತಿ ಶನಿವಾರ ನುಡಿಸುತ್ತಾರೆ ಎಂದರು. ಕಾಲಿನದಾದರೆ? ಅವರು ಉತ್ತರಿಸದೆ ಹಿತ್ತಲಿನಲ್ಲಿ ಗುಜರಿಯವನಿಗಾಗಿ ಜೋಡಿಸಿಟ್ಟಿದ್ದ ಮುರಿದ ಕುರ್ಚಿಗಳ ಕಡೆ ನೋಡಿದರು. ಕಾಗದದ ಕಲಂಗಳಲ್ಲಿ 1977ರಲ್ಲಿ ಬರೆಯದೆ ಬಿಟ್ಟಿದ್ದ ಸಾಲು ಇದೇ ಎನಿಸಿತು. ನಾವು ಆರಿಸಿಕೊಂಡದ್ದರ ಲಾಭವನ್ನು ಎಣಿಸುತ್ತೇವೆ. ಬಿಟ್ಟದ್ದರ ಗತಿಯನ್ನು ಎಣಿಸುವುದಿಲ್ಲ. ಮುಖವೀಣೆಯನ್ನು ಬಿಟ್ಟವರೂ ಎಣಿಸಿರಲಾರರು. ಕೈ ಪೆಟ್ಟಿಗೆಗೆ ಊರೇ ಇತ್ತು, ಕಾಲಿನದಕ್ಕೆ ನನ್ನ ಹೊರತು ಯಾರೂ ಇರಲಿಲ್ಲ. ಅಂದೇ ಗೂಡ್ಸ್ ಆಟೋದಲ್ಲಿ ಹಾಸಿಗೆಯ ಮೇಲಿಟ್ಟು ತುಮಕೂರಿಗೆ ತಂದೆ.

ದುರಸ್ತಿಯವರು ಬಿಚ್ಚಿದಾಗ ನಾನೂ ಪಕ್ಕದಲ್ಲಿ ಕುಳಿತಿದ್ದೆ. ಬಹಳ ರೀಡುಗಳು ಧೂಳಿನಿಂದ ಮೂಕವಾಗಿದ್ದವಷ್ಟೆ, ಕೆಟ್ಟಿರಲಿಲ್ಲ. ಹಿತ್ತಾಳೆಯ ನಾಲಗೆಯ ತುದಿಯನ್ನು ತುಸು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಒಂದೊಂದನ್ನೂ ಹೀಗೆ ಕೂಡಿಸಿ, ತಿದಿಗೆ ಹೊಸ ಚರ್ಮ ಹಾಕಿ ಕೊಡಲು ಒಂದು ತಿಂಗಳಾಯಿತು. ಎರಡು ಮನೆಗಳು ಇನ್ನೂ ನುಡಿಯುವುದಿಲ್ಲ.

ಈಗ ಅದು ನಮ್ಮ ನಡುಮನೆಯ ಕಿಟಕಿಯ ಬಳಿ ಇದೆ. ಎಂಟು ವರ್ಷದ ಮೊಮ್ಮಗಳು ಸರಳೆ ವರಸೆ ಕಲಿಯುತ್ತಿದ್ದಾಳೆ. ಎತ್ತರದ ಪೀಠದ ಮೇಲೆ ಕುಳಿತರೆ ಅವಳ ಕಾಲು ತುಳಿಹಲಗೆಗೆ ಎಟುಕುವುದಿಲ್ಲ. ಆದ್ದರಿಂದ ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ನೋವಿಲ್ಲದ ಬಲಗಾಲಿನಿಂದ ಒಂದು ಹಲಗೆಯನ್ನು ಮಾತ್ರ ತುಳಿಯುತ್ತೇನೆ. ಗಾಳಿ ಅರ್ಧವೇ ಸಾಗುತ್ತದೆ, ಅವಳ ವೇಗಕ್ಕೆ ಅಷ್ಟು ಸಾಕು. ಮೊನ್ನೆ ಅವಳು ಯಾರೂ ಹೇಳಿಕೊಡದೆ ಎಡಗೈಯ ಒಂದು ಬೆರಳನ್ನು ಕೆಳಗಿನ ಷಡ್ಜದ ಮೇಲಿಟ್ಟು ಹಾಗೆಯೇ ಹಿಡಿದುಕೊಂಡಳು.

"ತಾತ, ನಿಲ್ಲಿಸಬೇಡಿ, ತುಳೀರಿ," ಎಂದಳು. ತುಳಿದೆ.