ಜಾಡಿಯಿಂದ ಸೂಟ್‌ಕೇಸಿಗೆ: ದ್ರಾಕ್ಷಾರಸದ ದೂರ ಪಯಣ

ವಿಮಾನ ನಿಲ್ದಾಣದಲ್ಲಿ ಸುತ್ತು ಹಾಕುತ್ತ ಬರುವ ಪಟ್ಟಿಯ ಮೇಲೊಂದು ಸೂಟ್‌ಕೇಸು. ಅದರ ಮೂಲೆಯಿಂದ ಕೆಂಪು ಬಣ್ಣ ಒಸರುತ್ತಿದೆ. ಬೀಗ ತೆಗೆಯುವ ಮೊದಲೇ ಅದರ ಯಜಮಾನನಿಗೆ ಸಂಗತಿ ತಿಳಿದುಬಿಡುತ್ತದೆ. ಫ್ರಾನ್ಸಿನಿಂದಲೋ ಇಟಲಿಯಿಂದಲೋ ಅಕ್ಕರೆಯಿಂದ ಆರಿಸಿ ತಂದ ವೈನಿನ ಬಾಟಲಿ ದಾರಿಯಲ್ಲೇ ಒಡೆದಿದೆ. ಬಟ್ಟೆಬರೆಯೆಲ್ಲ ದ್ರಾಕ್ಷಾರಸದಲ್ಲಿ ಮಿಂದಿದೆ.

ಈ ಪೇಚಾಟ ವಿಮಾನದಷ್ಟು ಹೊಸದಲ್ಲ. ದ್ರಾಕ್ಷಿ ಬೆಳೆಯುವ ಊರು ಒಂದು, ರಸ ಕುಡಿಯುವ ಊರು ಇನ್ನೊಂದು. ನಡುವಿನ ದಾರಿಯನ್ನು ಚೆಲ್ಲದೆ, ಕೆಡದೆ ದಾಟಿಸುವುದು ಹೇಗೆ? ಪ್ರತಿಯೊಂದು ಯುಗವೂ ಈ ಪ್ರಶ್ನೆಗೆ ತನ್ನದೇ ಉತ್ತರ ಹುಡುಕಿಕೊಂಡಿದೆ. ಆ ಉತ್ತರಗಳ ಚರಿತ್ರೆ ವೈನಿನ ಚರಿತ್ರೆಯಷ್ಟೇ ಸ್ವಾರಸ್ಯಕರ.

ಹರಿಗೋಲೂ ಕತ್ತೆಯೂ

ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿನ ವರ್ಣನೆಯಲ್ಲಿ ಒಂದು ವಿಚಿತ್ರ ದೋಣಿಯ ಪ್ರಸ್ತಾಪ ಮಾಡುತ್ತಾನೆ. ಬಳ್ಳಿಬರಲು ಹೆಣೆದು, ಹೊರಗೆ ತೊಗಲು ಹೊದಿಸಿದ ಗುಂಡನೆಯ ದೋಣಿ. ಹಂಪಿಯ ಬಳಿ ತುಂಗಭದ್ರೆಯಲ್ಲಿ ಹರಿಗೋಲು ಕಂಡವರಿಗೆ ಅದರ ರೂಪ ಬೇಗ ಹೊಳೆಯುತ್ತದೆ. ಅರ್ಮೇನಿಯಾದ ಕಡೆಯಿಂದ ಯೂಫ್ರೆಟಿಸ್ ನದಿಯಲ್ಲಿ ಇಳಿದು ಬರುತ್ತಿದ್ದ ಈ ದೋಣಿಗಳ ಮುಖ್ಯ ಸರಕು ವೈನು. ಸರಕಿನ ಜೊತೆಗೆ ಪ್ರತಿ ದೋಣಿಯಲ್ಲೂ ಕನಿಷ್ಠ ಒಂದು ಜೀವಂತ ಕತ್ತೆ!

ಕತ್ತೆ ಏಕೆಂದರೆ, ನದಿಯ ಸೆಳವಿಗೆ ಎದುರಾಗಿ ಹರಿಗೋಲು ಮೇಲೇರಲಾರದು. ಬ್ಯಾಬಿಲೋನ್ ತಲುಪಿದ ವ್ಯಾಪಾರಿ ವೈನನ್ನು ಮಾರಿ, ದೋಣಿಯ ಹಂದರ ಮತ್ತು ಹುಲ್ಲನ್ನೂ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನಡೆದೇ ಊರಿಗೆ ಮರಳುತ್ತಿದ್ದ. ಸರಕು ಸಾಗಿಸುವುದಷ್ಟೇ ಅಲ್ಲ, ಖಾಲಿಯಾದ ಸಲಕರಣೆಯನ್ನು ಏನು ಮಾಡಬೇಕೆಂಬುದೂ ಲೆಕ್ಕದ ಭಾಗವಾಗಿತ್ತು.

ಈಜಿಪ್ಟಿನವರೂ ಈ ಲೆಕ್ಕದಲ್ಲಿ ಜಾಣರು. ಗ್ರೀಸ್ ಮತ್ತು ಫಿನೀಷಿಯಾದಿಂದ ವರ್ಷವಿಡೀ ಜಾಡಿಗಟ್ಟಲೆ ವೈನು ಬರುತ್ತಿದ್ದರೂ ದೇಶದಲ್ಲಿ ಒಂದೂ ಖಾಲಿ ಜಾಡಿ ಕಾಣಸಿಗದು ಎಂದು ಹೆರೊಡೋಟಸ್ ಬೆರಗಾಗುತ್ತಾನೆ. ಊರಿನ ಮುಖ್ಯಸ್ಥರು ಅವನ್ನೆಲ್ಲ ಕೂಡಿಸಿ ಮೆಂಫಿಸ್ ನಗರಕ್ಕೆ ಕಳಿಸುತ್ತಿದ್ದರು. ಅಲ್ಲಿ ನೀರು ತುಂಬಿ ಅವನ್ನು ಸಿರಿಯಾದ ಮರುಭೂಮಿಯ ದಾರಿಗೆ ಒಯ್ಯಲಾಗುತ್ತಿತ್ತು.

ಅರ್ಧ ಭಾರ ಮಣ್ಣಿನದೇ

ಈ ಜಾಡಿಗಳಿಗೆ ಆಂಫೊರಾ ಎಂದು ಹೆಸರು. ಎರಡು ಹಿಡಿ, ಉದ್ದ ಕೊರಳು, ಚೂಪಾದ ತಳ. ನೆಲದ ಮೇಲೆ ನಿಲ್ಲದ ಈ ಪಾತ್ರೆ ಹಡಗಿನೊಳಗೆ ಮಾತ್ರ ಬಲು ಸೊಗಸಾಗಿ ಕೂರುತ್ತಿತ್ತು. ಕೆಳಗಿನ ಸಾಲಿನ ಜಾಡಿಗಳ ಹೆಗಲ ಸಂದಿಗೆ ಮೇಲಿನ ಸಾಲಿನ ಚೂಪು ತಳಗಳನ್ನು ಇಳಿಸಿದರೆ ಆಯಿತು. ರಸ ಸೋರದಿರಲು ಒಳಗೆ ರಾಳದ ಲೇಪ, ಬಾಯಿಗೆ ಬೆಂಡಿನ ಇಲ್ಲವೇ ಮಣ್ಣಿನ ಬಿರಡೆ.

1967ರಲ್ಲಿ ಫ್ರಾನ್ಸಿನ ದಕ್ಷಿಣ ಕರಾವಳಿಯ ಜಿಯಾನ್ ಪರ್ಯಾಯದ್ವೀಪದ ಬಳಿ ಮುಳುಗುಗಾರರಿಗೆ ರೋಮನ್ ಹಡಗೊಂದು ಸಿಕ್ಕಿತು. ಕ್ರಿ.ಪೂ. 1ನೇ ಶತಮಾನದಲ್ಲಿ ಮುಳುಗಿದ ಈ ಹಡಗಿನಲ್ಲಿ ಇಟಲಿಯ ವೈನು ತುಂಬಿದ 6,000ಕ್ಕೂ ಹೆಚ್ಚು ಜಾಡಿಗಳಿದ್ದವು. ಜಾಡಿಗೆ ಜಾಡಿ ತಾಗದಂತೆ ನಡುವೆ ಕುರುಚಲು ಗಿಡ ಮತ್ತು ಜೊಂಡುಹುಲ್ಲು ತುರುಕಿದ್ದರು. ಇಂದಿನ ಥರ್ಮೋಕೋಲ್ ಮಾಡುವ ಕೆಲಸವನ್ನು ಅಂದು ಹುಲ್ಲು ಮಾಡುತ್ತಿತ್ತು. ಆದರೆ ಒಂದು ಜಾಡಿ ಹಿಡಿಯುತ್ತಿದ್ದುದು ಸುಮಾರು 25 ಲೀಟರ್; ಖಾಲಿ ಜಾಡಿಯ ತೂಕವೂ ಹೆಚ್ಚುಕಡಿಮೆ 25 ಕಿಲೋ. ಹಡಗು ಹೊತ್ತ ಭಾರದಲ್ಲಿ ಅರ್ಧದಷ್ಟು ಬರೀ ಮಣ್ಣು!

ಇಂಥ ಜಾಡಿಗಳು ಭಾರತಕ್ಕೂ ಬಂದವು. 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಆಂಫೊರಾ ಚೂರುಗಳು ದೊರೆತವು. ಕ್ರಿ.ಶ. 1ನೇ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕ ಕೈಪಿಡಿ ಭರೂಚ್ ಬಂದರಿನ ಆಮದು ಪಟ್ಟಿಯಲ್ಲಿ ವೈನನ್ನು ಹೆಸರಿಸಿ, ಅಲ್ಲಿನವರಿಗೆ ಇಟಲಿಯದೇ ಹೆಚ್ಚು ಇಷ್ಟ ಎನ್ನುತ್ತದೆ. ವಿದೇಶಿ ಬಾಟಲಿಯ ಮೋಹಕ್ಕೆ ನಮ್ಮಲ್ಲಿ ಎರಡು ಸಾವಿರ ವರ್ಷಗಳ ಇತಿಹಾಸವಿದೆ ಎಂದಾಯಿತು.

ಉರುಳುವ ಪೀಪಾಯಿ, ಮಲಗುವ ಬಾಟಲಿ

ಮಣ್ಣಿನ ಭಾರದಿಂದ ಬಿಡುಗಡೆ ಕೊಟ್ಟದ್ದು ಮರದ ಪೀಪಾಯಿ. ಆಲ್ಪ್ಸ್ ಪರ್ವತದ ಆಚೀಚಿನ ಗಾಲ್ ಜನರಿಂದ ಇದನ್ನು ಕಲಿತ ರೋಮನ್ನರು ನಿಧಾನವಾಗಿ ಜಾಡಿಯನ್ನು ಕೈಬಿಟ್ಟರು. ಪೀಪಾಯಿ ಒಡೆಯದು, ಎತ್ತಲಾಗದಿದ್ದರೂ ಒಬ್ಬನೇ ಆಳು ಉರುಳಿಸಿಕೊಂಡು ಹೋಗಬಹುದು. ಚಕ್ರ ಬೇರೆ ಬೇಡ, ಪಾತ್ರೆಯೇ ಚಕ್ರ. ಆದರೆ ರಸ ಕಡಿಮೆಯಾದಂತೆ ಒಳಗೆ ಗಾಳಿ ಸೇರಿ ಉಳಿದದ್ದು ಹುಳಿಯಾಗುತ್ತಿತ್ತು. ಮದೇರಾ ದ್ವೀಪದ ವೈನು ಮಾತ್ರ ಇದಕ್ಕೆ ಅಪವಾದ. ಉಷ್ಣವಲಯ ದಾಟುವ ಹಡಗಿನ ಸೆಕೆಯಲ್ಲಿ ಅದರ ರುಚಿ ಹೆಚ್ಚುತ್ತಿತ್ತೆಂದು ಜನ ಕಂಡುಕೊಂಡರು. ಭಾರತದಲ್ಲಿದ್ದ ಇಂಗ್ಲಿಷರಿಗೆ ಅದು ಅಚ್ಚುಮೆಚ್ಚಾಯಿತು.

ಮುಂದಿನ ತಿರುವು ಬಂದದ್ದು ಇಂಗ್ಲೆಂಡಿನ ಕುಲುಮೆಗಳಿಂದ. ಹಡಗು ಕಟ್ಟಲು ಮರ ಉಳಿಯಲೆಂದು 1615ರಲ್ಲಿ ದೊರೆ ಒಂದನೇ ಜೇಮ್ಸ್ ಗಾಜಿನ ಕುಲುಮೆಗಳಿಗೆ ಸೌದೆ ಬಳಸುವುದನ್ನು ನಿಷೇಧಿಸಿದ. ವಿಧಿಯಿಲ್ಲದೆ ಕಲ್ಲಿದ್ದಲು ಉರಿಸಿದಾಗ ಕಾವು ಏರಿತು. ದಪ್ಪನೆಯ, ಗಟ್ಟಿಯಾದ, ಕಡುಬಣ್ಣದ ಗಾಜು ತಯಾರಾಯಿತು. ಮೊದಮೊದಲು ಈರುಳ್ಳಿಯಂತೆ ಹೊಟ್ಟೆ ಉಬ್ಬಿದ್ದ ಬಾಟಲಿ 18ನೇ ಶತಮಾನದಲ್ಲಿ ನೀಳವಾಯಿತು. ನೀಳವಾದ್ದರಿಂದ ಅದನ್ನು ಅಡ್ಡ ಮಲಗಿಸಬಹುದಾಯಿತು. ಮಲಗಿಸಿದ್ದರಿಂದ ಬೆಂಡಿನ ಬಿರಡೆ ಸದಾ ಒದ್ದೆಯಾಗಿದ್ದು ಗಾಳಿ ಒಳನುಸುಳುವುದು ತಪ್ಪಿತು. ವೈನನ್ನು ಹತ್ತಾರು ವರ್ಷ ಕಾದಿಡುವ ಪದ್ಧತಿ ಇದರಿಂದ ಬೆಳೆಯಿತು.

ಅದೇ ಕಾಲಕ್ಕೆ ಡಚ್ಚರ ಹಡಗುಗಳಲ್ಲಿ ಇನ್ನೊಂದು ಉಪಾಯ ಕಾಣಿಸಿಕೊಂಡಿತು. ಚೌಕಾಕಾರದ ಬಾಟಲಿಗಳು, ಅವುಗಳ ಅಳತೆಗೆ ತಕ್ಕ ಮನೆಗಳಿರುವ ಮರದ ಪೆಟ್ಟಿಗೆ. ಒಂದರ ಮೈ ಇನ್ನೊಂದಕ್ಕೆ ತಾಗದು. ಇಂದಿನ ವೈನ್ ಸೂಟ್‌ಕೇಸಿನ ಮುತ್ತಜ್ಜ ಎಂದು ಈ ಪೆಟ್ಟಿಗೆಯನ್ನು ಕರೆಯಬಹುದು.

2006ರ ಆ ದಿನ

ವಿಮಾನಯಾನ ಬೆಳೆದ ಮೇಲೂ ಬಹುಕಾಲ ಪ್ರಯಾಣಿಕರಿಗೆ ಪೆಟ್ಟಿಗೆಯ ಚಿಂತೆ ಇರಲಿಲ್ಲ. ಬಾಟಲಿಯನ್ನು ಕೈಚೀಲದಲ್ಲಿಟ್ಟು ತಲೆಯ ಮೇಲಿನ ಗೂಡಿಗೆ ಸೇರಿಸಿದರೆ ಮುಗಿಯಿತು. 2006ರ ಆಗಸ್ಟ್ 10ರಂದು ಚಿತ್ರ ಬದಲಾಯಿತು. ದ್ರವರೂಪದ ಸ್ಫೋಟಕಗಳಿಂದ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಉಡಾಯಿಸುವ ಸಂಚನ್ನು ಬ್ರಿಟಿಷ್ ಪೊಲೀಸರು ಬಯಲಿಗೆಳೆದರು. ಅದೇ ವರ್ಷ ಅಮೆರಿಕ ಮತ್ತು ಯುರೋಪಿನಲ್ಲಿ ಕೈಚೀಲದ ದ್ರವಗಳಿಗೆ 100 ಮಿಲಿಲೀಟರ್ ಆಸುಪಾಸಿನ ಮಿತಿ ಬಂತು. ಬೇರೆ ದೇಶಗಳೂ ಅದೇ ಹಾದಿ ಹಿಡಿದವು. ನಿಲ್ದಾಣದ ಸುಂಕಮುಕ್ತ ಅಂಗಡಿಯಲ್ಲಿ ಮೊಹರು ಮಾಡಿ ಕೊಡುವ ಬಾಟಲಿಗಷ್ಟೇ ವಿನಾಯಿತಿ. ದ್ರಾಕ್ಷಿತೋಟದಲ್ಲಿ ಕೊಂಡ ಬಾಟಲಿ ವಿಮಾನದ ಹೊಟ್ಟೆಗೇ ಹೋಗಬೇಕಾಯಿತು.

ಅಲ್ಲಿ ಗಾಳಿಯ ಒತ್ತಡ ಕುಸಿದು ಬಿರಡೆ ಹಾರುತ್ತದೆ ಎಂಬ ಭಯ ಹಲವರಿಗಿದೆ. ಪ್ರಯಾಣಿಕ ವಿಮಾನದಲ್ಲಿ ಸಾಮಾನಿನ ಕೋಣೆಗೂ ಜನ ಕೂರುವ ಕೋಣೆಗೂ ಒತ್ತಡ ಹೆಚ್ಚುಕಡಿಮೆ ಒಂದೇ. 8,000 ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕಿಂತ ಸಾಮಾನ್ಯವಾಗಿ ಕೆಳಗಿಳಿಯದು. ತನ್ನೊಳಗೇ ಸುಮಾರು 6 ವಾತಾವರಣದ ಒತ್ತಡವನ್ನು ತಡೆದುಕೊಂಡಿರುವ ಶಾಂಪೇನ್ ಬಾಟಲಿಗೆ ಇದು ಲೆಕ್ಕಕ್ಕಿಲ್ಲ. ನಿಜವಾದ ಶತ್ರುಗಳು ಬೇರೆ: ಬಾಟಲಿಗೆ ಬಾಟಲಿ ಬಡಿಯುವುದು, ಪೆಟ್ಟಿಗೆ ನೆಲಕ್ಕೆ ಬೀಳುವುದು, ವಿಮಾನಕ್ಕೆ ಏರಿಸುವ ಮುನ್ನ ಬಿಸಿಲಲ್ಲಿ ಬೇಯುವುದು.

ಆಯ್ಕೆಯ ಲೆಕ್ಕಾಚಾರ

ಹೀಗಾಗಿ ಪೆಟ್ಟಿಗೆಯ ಆಯ್ಕೆಗೆ ಮಹತ್ವ ಬಂತು. ಗಟ್ಟಿ ಹೊರಮೈ, ಒಳಗೆ ಬಾಟಲಿಯ ಅಚ್ಚಿಗೆ ಕೊರೆದ ಸ್ಪಂಜು, ಕೆಳಗೆ ಚಕ್ರಗಳಿರುವ ಸೂಟ್‌ಕೇಸುಗಳು ಮಾರುಕಟ್ಟೆಯಲ್ಲಿವೆ. 12 ಬಾಟಲಿ ಹಿಡಿಯುವಂಥವೂ ಉಂಟು. ಆದರೆ ತೂಕದ ಗಣಿತ ಇಲ್ಲೂ ಬೆನ್ನುಬಿಡದು. ಮುಕ್ಕಾಲು ಲೀಟರ್ ವೈನಿಗೆ ಗಾಜಿನ ಭಾರ ಸೇರಿದರೆ ಒಂದು ಬಾಟಲಿ ಸುಮಾರು ಒಂದೂಕಾಲು ಕಿಲೋ. ದಪ್ಪ ಗಾಜಾದರೆ ಒಂದೂವರೆ ದಾಟುತ್ತದೆ. ಹನ್ನೆರಡು ಬಾಟಲಿಗೆ 15ರಿಂದ 18 ಕಿಲೋ. ಸೂಟ್‌ಕೇಸಿನ ತೂಕವೂ ಸೇರಿದರೆ ಅನೇಕ ವಿಮಾನ ಸಂಸ್ಥೆಗಳ 23 ಕಿಲೋ ಮಿತಿ ಮುಟ್ಟಿದಂತೆಯೇ.

ಭಾರತಕ್ಕೆ ಮರಳುವವರಿಗೆ ಇದಕ್ಕಿಂತ ಬಿಗಿಯಾದ ಲೆಕ್ಕವಿದೆ. ಸುಂಕವಿಲ್ಲದೆ ತರಬಹುದಾದ ಮದ್ಯ ತಲೆಗೆ 2 ಲೀಟರ್ ಮಾತ್ರ. ಎರಡು ಬಾಟಲಿಗೆ ಒಂದೂವರೆ ಲೀಟರ್. ಮೂರನೆಯದು ಸೇರಿದರೆ ಎರಡೂಕಾಲು. ಅಂದರೆ ಒಬ್ಬೊಬ್ಬರಿಗೆ ಎರಡೇ ಬಾಟಲಿ. ಇಷ್ಟಕ್ಕೆ ಹನ್ನೆರಡು ಮನೆಯ ಪೆಟ್ಟಿಗೆ ದುಂದು. ಗುಳ್ಳೆಗಳಿರುವ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಭದ್ರವಾಗಿ ಮುಚ್ಚಿ, ಗಟ್ಟಿ ಸೂಟ್‌ಕೇಸಿನ ನಟ್ಟನಡುವೆ, ಎರಡೂ ಬಾಟಲಿಗಳ ಮಧ್ಯೆ ಮತ್ತು ಸುತ್ತ ದಪ್ಪ ಬಟ್ಟೆ ತುರುಕಿ ಇಟ್ಟರೆ ಸಾಕು. ಚೀಲ ಒಡೆಯುವುದನ್ನು ಪೂರ್ತಿ ತಪ್ಪಿಸದಿದ್ದರೂ ಒಡೆದದ್ದು ಉಳಿದ ಬಟ್ಟೆಗೆ ಹರಡುವುದನ್ನು ತಡೆಯುತ್ತದೆ. ಹೋಗುವಾಗ ಆ ಚೀಲಗಳು ಮಡಚಿಕೊಂಡು ಮೂಲೆಯಲ್ಲಿ ಕೂರುತ್ತವೆ. ಯೂಫ್ರೆಟಿಸ್ ವ್ಯಾಪಾರಿ ಕತ್ತೆಯ ಮೇಲೆ ಹೇರಿದ ತೊಗಲಿನ ಜಾಣತನವೇ ಇದು.

ಕೊನೆಗೆ ವೈನು ಭೂಮಿಯನ್ನೂ ಬಿಟ್ಟು ಹೊರಟಿತು. 2019ರ ನವೆಂಬರ್‌ನಲ್ಲಿ ಬೋರ್ಡೊ ಸೀಮೆಯ ಹೆಸರಾಂತ ಪೆಟ್ರುಸ್ ವೈನಿನ 12 ಬಾಟಲಿಗಳನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಲಾಯಿತು. 2021ರ ಜನವರಿಯಲ್ಲಿ ಅವು ಭೂಮಿಗೆ ಮರಳಿದವು. ಒಡೆಯದಿರಲೆಂದು ಒಂದೊಂದನ್ನೂ ಪ್ರತ್ಯೇಕ ಉಕ್ಕಿನ ಕೊಳವೆಯಲ್ಲಿ ಇರಿಸಲಾಗಿತ್ತು. ರಾಕೆಟ್ಟಿನ ಕಾಲದಲ್ಲೂ ಸೂತ್ರ ಬದಲಾಗಿಲ್ಲ. ಮುಳುಗಿದ ಹಡಗಿನ ಆ ಜೊಂಡುಹುಲ್ಲು ಹೇಳುವುದೂ ಅದನ್ನೇ: ಒಂದರ ಮೈ ಇನ್ನೊಂದಕ್ಕೆ ತಾಗದಿರಲಿ.