ಸೈಬರ್ ಸಿಟಿಯ ಬಾಡಿಗೆ ಯಾರ ಮನೆಗೆ?

ಗುರುಗ್ರಾಮದ ಸೈಬರ್ ಸಿಟಿಯಲ್ಲಿ ಕೆಲಸ ಮಾಡುವ ನಮ್ಮ ಕನ್ನಡದ ಹುಡುಗ ಹುಡುಗಿಯರನ್ನು "ನಿಮ್ಮ ಆಫೀಸ್ ಕಟ್ಟಡದ ಓನರ್ ಯಾರು?" ಅಂತ ಕೇಳಿ ನೋಡಿ. "ಡಿಎಲ್‌ಎಫ್, ಇನ್ಯಾರು ಅಂಕಲ್" ಅನ್ನುತ್ತಾರೆ. ಪೂರ್ತಿ ತಪ್ಪಲ್ಲ ಬಿಡಿ. ಆದರೆ 2017ರ ಡಿಸೆಂಬರ್‌ನಿಂದ ಅದರಲ್ಲಿ ಮೂರನೇ ಒಂದು ಪಾಲು ಜಿಐಸಿಯದ್ದು. ಜಿಐಸಿ ಅಂದರೆ ಸಿಂಗಪುರ ಸರ್ಕಾರದ ವಿದೇಶಿ ನಿಧಿಯನ್ನು ನೋಡಿಕೊಳ್ಳುವ ಸಂಸ್ಥೆ. ಅಂದರೆ ಇಲ್ಲಿನ ಅಮೆರಿಕನ್ ಕಂಪನಿಯೊಂದು ತಿಂಗಳಿಗೆ ಕೊಡುವ ಬಾಡಿಗೆಯಲ್ಲಿ ಒಂದು ಪಾಲು, ಸಾಲದ ಬಡ್ಡಿ ಕಳೆದು, ಸಿಂಗಪುರದ ಲೆಕ್ಕಕ್ಕೆ ಸೇರುತ್ತದೆ!

ಇದನ್ನು ಕೇಳಿದವರೆಲ್ಲ ಮೊದಲು ಹೇಳುವ ಮಾತು ಒಂದೇ: "ವಿದೇಶಿಯರು ನಮ್ಮಲ್ಲಿ ಜಾಗ ಕೊಳ್ಳುವ ಹಾಗಿಲ್ಲವಲ್ಲ, ಸಾರ್?" ನಿಜ, ಕೊಳ್ಳುವ ಹಾಗಿಲ್ಲ. 1973ರ ಫೆರಾ ಕಾಯಿದೆಯ 31ನೇ ಕಲಂ ರಿಸರ್ವ್ ಬ್ಯಾಂಕಿನ ಅನುಮತಿ ಇಲ್ಲದೆ ವಿದೇಶಿಯರು ಇಲ್ಲಿ ಸ್ಥಿರಾಸ್ತಿ ಮಾಡಬಾರದು ಎಂದಿತ್ತು. 2000ದ ಜೂನ್‌ನಲ್ಲಿ ಫೆಮಾ ಬಂದಾಗ ಭಾಷೆ ಮೃದುವಾಯಿತು, ತಿರುಳು ಹಾಗೇ ಉಳಿಯಿತು. ಹೊರದೇಶದಲ್ಲಿರುವ, ಭಾರತೀಯ ಮೂಲದವನಲ್ಲದ ವ್ಯಕ್ತಿ ಇಲ್ಲಿ ಒಂದು ಗುಂಟೆಯನ್ನೂ ಕೊಳ್ಳಲಾರ. ಐದು ವರ್ಷ ಮೀರದ ಲೀಸ್ ಇದ್ದರೆ ಸರಿ, ಅಷ್ಟೆ. ಎನ್‌ಆರ್‌ಐ, ಓಸಿಐ ಕಾರ್ಡಿನವರಿಗೆ ರಿಯಾಯಿತಿ ಇದೆ. ಮನೆ, ಅಂಗಡಿ, ಆಫೀಸು ಏನು ಬೇಕಾದರೂ ಕೊಳ್ಳಬಹುದು; ಹೊಲ, ತೋಟ, ಫಾರ್ಮ್‌ಹೌಸ್ ಮಾತ್ರ ಆಗದು. (ಅಮೆರಿಕದಲ್ಲಿರುವ ಮಗ ಚಿಕ್ಕಮಗಳೂರಲ್ಲಿ ಕಾಫಿ ತೋಟ ಕೊಳ್ಳಲಾರ, ಆದರೆ ಅಪ್ಪನ ತೋಟ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಕೌಂಟರ್‌ನಲ್ಲಿ ಇದನ್ನು ಎಷ್ಟು ಸಲ ವಿವರಿಸಿದ್ದೇನೋ!)

ಹಾಗಾದರೆ ಸಿಂಗಪುರದವರು ಬಂದದ್ದು ಹೇಗೆ? ಅವರು ಜಾಗ ಕೊಳ್ಳಲಿಲ್ಲ, ಬಾಡಿಗೆ ಕೊಂಡರು. ಜಾಗ, ಕಟ್ಟಡ ಎಲ್ಲ ಭಾರತದಲ್ಲೇ ನೋಂದಾಯಿಸಿದ ಕಂಪನಿಯ ಹೆಸರಲ್ಲಿರುತ್ತದೆ, ವಿದೇಶಿಯ ಕೈಯಲ್ಲಿರುವುದು ಆ ಕಂಪನಿಯ ಷೇರು. ಕಳೆದ ಮೂವತ್ತು ವರ್ಷಗಳ ಈ ಕಥೆಯೆಲ್ಲ ಈ ಒಂದು ಸಂಗತಿಯ ಸುತ್ತಲೇ ಸುತ್ತುತ್ತದೆ.

ಮತ್ತು ಈ ಕಥೆಯ ಹಳೆಯ ಅಧ್ಯಾಯ ಗುರುಗ್ರಾಮದ್ದಲ್ಲ, ನಮ್ಮ ಬೆಂಗಳೂರಿನದು. ಮೆಜೆಸ್ಟಿಕ್‌ನಿಂದ 335ಇ ಬಸ್ಸು ಹತ್ತಿ ವೈಟ್‌ಫೀಲ್ಡ್ ಕಡೆ ಹೋದವರಿಗೆಲ್ಲ ಐಟಿಪಿಎಲ್ ಗೊತ್ತು. ನರಸಿಂಹ ರಾಯರು ಪ್ರಧಾನಿ, ಗೋ ಚೋಕ್ ಟಾಂಗ್ ಸಿಂಗಪುರದ ಪ್ರಧಾನಿಯಾಗಿದ್ದಾಗ ಚಿಗುರಿದ ಯೋಜನೆ ಅದು. 1994ರಲ್ಲಿ ಪಾಲುದಾರಿಕೆ ಆಯಿತು: ಸಿಂಗಪುರದ ಕಂಪನಿಗಳ ಕೂಟಕ್ಕೆ ಶೇ. 40, ಟಾಟಾದವರಿಗೆ ಶೇ. 40, ಕರ್ನಾಟಕ ಸರ್ಕಾರದ ಕೆಐಎಡಿಬಿಗೆ ಶೇ. 20. ಪಟ್ಟಂದೂರು ಅಗ್ರಹಾರದ ಪಕ್ಕದಲ್ಲಿ ಸುಮಾರು 69 ಎಕರೆ. ಹೊರಗಿನವರು ತಂದದ್ದು ದುಡ್ಡೊಂದನ್ನೇ ಅಲ್ಲ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುತ್ತಿದ್ದ ಕಾಲದಲ್ಲಿ ಆ ಪಾರ್ಕಿಗೆ ಸ್ವಂತ ವಿದ್ಯುತ್ ಸ್ಥಾವರ ಇತ್ತು. ಸಾಫ್ಟ್‌ವೇರ್ ಕಂಪನಿಗಳು ಆ ದೂರದ ವೈಟ್‌ಫೀಲ್ಡ್‌ಗೆ ಓಡಿದ್ದರ ಗುಟ್ಟು ಅದು.

ನಂತರ ಟಾಟಾದವರು ಹೊರಬಂದರು, ಕೆಐಎಡಿಬಿಯ ಪಾಲು ಕರಗಿತು. 2007ರ ಆಗಸ್ಟ್‌ನಲ್ಲಿ 'ಅಸೆಂಡಾಸ್ ಇಂಡಿಯಾ ಟ್ರಸ್ಟ್' ಸಿಂಗಪುರದ ಷೇರುಪೇಟೆಯಲ್ಲಿ ನೋಂದಾಯಿತವಾಯಿತು. ಐಟಿಪಿಎಲ್‌ನ ಶೇ. 92.8ರಷ್ಟು ಆ ಟ್ರಸ್ಟ್‌ನ ಕೈಯಲ್ಲಿ, ಮಿಕ್ಕ ಶೇ. 7.2 ಕೆಐಎಡಿಬಿಯದು. ಸಿಂಗಪುರದ ಒಬ್ಬ ಟ್ಯಾಕ್ಸಿ ಡ್ರೈವರ್ ಬೇಕಿದ್ದರೆ ತನ್ನ ಉಳಿತಾಯದಲ್ಲಿ ವೈಟ್‌ಫೀಲ್ಡಿನ ಬಾಡಿಗೆಯ ಒಂದು ಚೂರು ಕೊಳ್ಳಬಹುದಿತ್ತು. ವೈಟ್‌ಫೀಲ್ಡಿನ ಪಕ್ಕದಲ್ಲೇ ಇದ್ದ ನಮ್ಮ ಭಾವಮೈದನಿಗೆ ಅಂಥ ದಾರಿ ಇರಲಿಲ್ಲ. ಭಾರತದ ಷೇರುಪೇಟೆಯಲ್ಲಿ ಆ ಬಗೆಯ ಟ್ರಸ್ಟೇ ಇರಲಿಲ್ಲವಲ್ಲ! (2022ರಲ್ಲಿ ಅದರ ಹೆಸರು 'ಕ್ಯಾಪಿಟಾಲ್ಯಾಂಡ್ ಇಂಡಿಯಾ ಟ್ರಸ್ಟ್' ಆಯಿತು.)

ಇನ್ನು ನಮ್ಮ ಗುರ್‌ಗಾಂವ್‌ಗೆ ಬರೋಣ. (2016ರಲ್ಲಿ ಹೆಸರು ಬದಲಾದರೂ ನನ್ನ ಬಾಯಲ್ಲಿ ಇನ್ನೂ ಹಾಗೇ ಬರುತ್ತದೆ.) ದೆಹಲಿಯಲ್ಲಿ ಸೌತ್ ಎಕ್ಸ್‌ಟೆನ್ಷನ್, ಗ್ರೇಟರ್ ಕೈಲಾಶ್ ಬಡಾವಣೆಗಳನ್ನು ಮಾಡಿದ ಡಿಎಲ್‌ಎಫ್‌ಗೆ 1957ರ ದೆಹಲಿ ಅಭಿವೃದ್ಧಿ ಕಾಯಿದೆ ಬಂದ ಮೇಲೆ ಅಲ್ಲಿ ಕೆಲಸವೇ ಉಳಿಯಲಿಲ್ಲ. ಹರಿಯಾಣ ಸರ್ಕಾರ 1975ರಲ್ಲಿ ಖಾಸಗಿಯವರಿಗೆ ಲೈಸೆನ್ಸ್ ಕೊಡುವ ಕಾಯಿದೆ ಮಾಡಿತು, 1981ರಲ್ಲಿ ಡಿಎಲ್‌ಎಫ್‌ಗೆ ಗುರ್‌ಗಾಂವ್‌ನ ಮೊದಲ ಲೈಸೆನ್ಸ್ ಸಿಕ್ಕಿತು. ತಮಾಷೆ ನೋಡಿ, ಸಿಂಗಪುರದಲ್ಲಿ ಜಿಐಸಿ ಹುಟ್ಟಿದ್ದೂ ಅದೇ 1981ರಲ್ಲಿ! ಇವರಿಬ್ಬರ ಸಂಬಂಧ ಕುದುರಲು ಮೂವತ್ತಾರು ವರ್ಷ ಬೇಕಾಯಿತು.

ಕೆ.ಪಿ. ಸಿಂಗ್ ನಾಥೂಪುರ, ಚಕ್ಕರ್‌ಪುರ, ಸಿಕಂದರ್‌ಪುರದ ಕಡೆಯ ರೈತರಿಂದ ತುಂಡು ತುಂಡಾಗಿ ಹೊಲ ಕೊಂಡ ಕಥೆಯನ್ನು ತಮ್ಮ ಆತ್ಮಕಥೆಯಲ್ಲೇ ಬರೆದುಕೊಂಡಿದ್ದಾರೆ. ಒಂದೊಂದು ಹೊಲಕ್ಕೂ ಹತ್ತಾರು ಹಕ್ಕುದಾರರು. ಅವರನ್ನೆಲ್ಲ ಒಪ್ಪಿಸಿ ಸಹಿ ಹಾಕಿಸುವ ಕೆಲಸ ಯಾವ ವಿದೇಶಿ ಫಂಡಿನ ಕೈಲಿ ಆಗುತ್ತಿತ್ತು ಹೇಳಿ? ಕಾನೂನು ಬಿಟ್ಟರೂ ಹೊಲದ ಬದುವಿನ ಮೇಲೆ ಕೂತು ಹುಕ್ಕಾ ಸೇದುವವರು ಅವರಲ್ಲಿ ಇರಲಿಲ್ಲ. ಹಾಗಾಗಿ ಕಷ್ಟದ ಭಾಗ ನಮ್ಮವರದು. 1997ರಲ್ಲಿ ಜಿಇ ಕಂಪನಿ ಇಲ್ಲಿ ತನ್ನ ಬ್ಯಾಕ್ ಆಫೀಸ್ ತೆರೆದ ಮೇಲೆ ಬಾಡಿಗೆಯ ಬೆಳೆ ಶುರುವಾಯಿತು. ಆಗ ಹೊರಗಿನವರ ಕಣ್ಣು ಬಿತ್ತು.

ಬಾಗಿಲು ಸರಿಯಾಗಿ ತೆರೆದದ್ದು 2005ರ ಮಾರ್ಚ್‌ನಲ್ಲಿ. ಕೇಂದ್ರ ಸರ್ಕಾರದ 'ಪ್ರೆಸ್ ನೋಟ್ 2' ಬಂತು. ಕಟ್ಟಡ ಕಟ್ಟುವ ಯೋಜನೆಗೆ ನೂರಕ್ಕೆ ನೂರು ವಿದೇಶಿ ಬಂಡವಾಳ ತರಬಹುದು, ಆದರೆ ಕನಿಷ್ಠ 50,000 ಚದರ ಮೀಟರ್ ಕಟ್ಟಬೇಕು, ಮೂರು ವರ್ಷ ಮೂಲ ಬಂಡವಾಳ ವಾಪಸ್ ಒಯ್ಯಬಾರದು. ಆಗ ಶುರುವಾಯಿತು ನೋಡಿ ಜಾತ್ರೆ! 2006ರ ಡಿಸೆಂಬರ್‌ನಲ್ಲಿ 'ಯುನಿಟೆಕ್ ಕಾರ್ಪೊರೇಟ್ ಪಾರ್ಕ್ಸ್' ಎಂಬ ಕಂಪನಿ ಲಂಡನ್ನಿನ ಏಮ್ ಪೇಟೆಯಲ್ಲಿ 36 ಕೋಟಿ ಪೌಂಡ್ ಎತ್ತಿತು. ಆ ದುಡ್ಡು ಬಂದದ್ದು ಗುರ್‌ಗಾಂವ್‌ನ ಸೆಕ್ಟರ್ 21ರ ಡೂಂಡಾಹೇಡಾ, ಸೆಕ್ಟರ್ 48ರ ಟೀಕ್ರಿ, ಜೊತೆಗೆ ನೊಯ್ಡಾ, ಕೋಲ್ಕತಾದ ಐಟಿ ಪಾರ್ಕುಗಳಿಗೆ. ಇಂಗ್ಲೆಂಡಿನ ಹೂಡಿಕೆದಾರ ಡೂಂಡಾಹೇಡಾ ಅನ್ನುವ ಹೆಸರನ್ನು ಹೇಗೆ ಉಚ್ಚರಿಸಿದನೋ! ಡಿಎಲ್‌ಎಫ್‌ನವರೂ ತಮ್ಮ ಆಫೀಸ್ ಕಟ್ಟಡಗಳ ಟ್ರಸ್ಟನ್ನು ಸಿಂಗಪುರದ ಪೇಟೆಗೆ ಒಯ್ಯಲು ಹೊರಟಿದ್ದರು. 2008ರಲ್ಲಿ ಪೇಟೆ ಕುಸಿಯಿತು, ಅದು ಅಲ್ಲಿಗೇ ನಿಂತಿತು.

ಲಂಡನ್ನಿನವರ ಗತಿ ಏನಾಯಿತು? 2014ರಲ್ಲಿ ಆ ಪಾರ್ಕುಗಳನ್ನು ಕೆನಡಾ ಮೂಲದ ಬ್ರೂಕ್‌ಫೀಲ್ಡ್ ಕೊಂಡಿತು. 36 ಕೋಟಿ ಪೌಂಡ್ ಎತ್ತಿದ್ದ ಕಂಪನಿಯ ಪಾಲಿಗೆ ಬಂದದ್ದು 20 ಕೋಟಿ ಪೌಂಡಿನ ಆಸುಪಾಸು. ಕಟ್ಟಡಗಳು ಅವೇ. ಮೊದಲು ಬಂದವನು ನಷ್ಟ ಹೊತ್ತುಕೊಂಡು ಹೋದ, ಎರಡನೆಯವನು ಬೀಗದ ಕೈ ತೆಗೆದುಕೊಂಡ.

ಬ್ಯಾಂಕಿನವನ ಲೆಕ್ಕವನ್ನು ಇಲ್ಲಿ ಒಂದಿಷ್ಟು ಹೇಳಲೇಬೇಕು, ಸ್ವಲ್ಪ ಸಹಿಸಿಕೊಳ್ಳಿ. ನಮ್ಮಲ್ಲಿ ಆಫೀಸ್ ಬಾಡಿಗೆ ಕರಾರು ಸಾಮಾನ್ಯವಾಗಿ ಹೀಗಿರುತ್ತದೆ: ಬಾಡಿಗೆ ರೂಪಾಯಿಯಲ್ಲಿ, ಮೂರು ವರ್ಷಕ್ಕೊಮ್ಮೆ ಶೇ. 15 ಏರಿಕೆ. 2007ರ ಕೊನೆಗೆ ಡಾಲರ್‌ಗೆ ಹೆಚ್ಚುಕಮ್ಮಿ 40 ರೂಪಾಯಿ. ಆಗ ಚದರಡಿಗೆ 40 ರೂಪಾಯಿ ಬಾಡಿಗೆ ಇತ್ತು ಅಂದುಕೊಳ್ಳಿ, ಅಂದರೆ ವಿದೇಶಿ ಒಡೆಯನಿಗೆ ಒಂದು ಡಾಲರ್. ಆರು ವರ್ಷದಲ್ಲಿ ಎರಡು ಸಲ ಏರಿ 40 ಹೋಗಿ 52 ರೂಪಾಯಿ 90 ಪೈಸೆ ಆಯಿತು. ನಮ್ಮ ಕಣ್ಣಿಗೆ ಭರ್ಜರಿ. ಆದರೆ 2013ರ ಆಗಸ್ಟ್ ಕೊನೆಯಲ್ಲಿ ಡಾಲರ್ 68 ರೂಪಾಯಿ ದಾಟಿತ್ತು. ಭಾಗಿಸಿ ನೋಡಿ, 78 ಸೆಂಟ್! ಬಾಡಿಗೆ ಮೂರನೇ ಒಂದು ಭಾಗ ಏರಿದರೂ ಒಡೆಯನ ಕೈಗೆ ಬಂದದ್ದು ಕಮ್ಮಿ.

ಇನ್ನೊಂದು ವಿಚಿತ್ರ ಕೇಳಿ. ಅದೇ ಕಟ್ಟಡದಲ್ಲಿ ಬಾಡಿಗೆಗಿರುವ ಅಮೆರಿಕದ ಕಂಪನಿಯ ಆದಾಯ ಡಾಲರ್‌ನಲ್ಲಿ. ಅವನಿಗೆ ಒಂದು ಡಾಲರ್ ಇದ್ದ ಬಾಡಿಗೆ 78 ಸೆಂಟ್‌ಗೆ ಇಳಿಯಿತು, ಲಾಭ. ರೂಪಾಯಿ ಬಿದ್ದಾಗ ಬಾಡಿಗೆದಾರ ನಗುತ್ತಾನೆ, ಒಡೆಯ ಅಳುತ್ತಾನೆ. ಇಬ್ಬರೂ ವಿದೇಶಿಯರೇ. ನಡುವೆ ಕೂತು ಕೆಲಸ ಮಾಡುವವರು ನಮ್ಮ ಮಕ್ಕಳು. ಪೇಪರ್‌ನವರು 'ವಿದೇಶಿ ಬಂಡವಾಳ ಹರಿದು ಬಂತು' ಅಂತ ಬರೆಯುವಾಗ ಈ ಮಾತು ಎಲ್ಲೂ ಬರುವುದಿಲ್ಲ.

ಇಷ್ಟಾದರೂ ಜಿಐಸಿ ಬಂತಲ್ಲ, ಯಾಕೆ? 2015ರ ನವೆಂಬರ್‌ನಲ್ಲಿ ಸರ್ಕಾರ ನಿಯಮಗಳನ್ನು ಇನ್ನೂ ಸಡಿಲಿಸಿತು. ಕನಿಷ್ಠ ವಿಸ್ತೀರ್ಣ, ಕನಿಷ್ಠ ಬಂಡವಾಳದ ಷರತ್ತು ಹೋಯಿತು. ಕಟ್ಟಿ ಮುಗಿದ ಮಾಲ್, ಆಫೀಸ್ ಪಾರ್ಕುಗಳನ್ನು ನಡೆಸುವುದರಲ್ಲೂ ಹಣ ಹಾಕಬಹುದು, ಬಾಡಿಗೆ ಪಡೆಯುವುದನ್ನು 'ರಿಯಲ್ ಎಸ್ಟೇಟ್ ವ್ಯಾಪಾರ' ಅಂತ ಲೆಕ್ಕ ಹಿಡಿಯುವುದಿಲ್ಲ ಎಂದಿತು. ಕಟ್ಟುವ ತಲೆನೋವು ಬೇಡ, ತುಂಬಿದ ಕಟ್ಟಡ ಸಾಕು ಅನ್ನುವವರಿಗೆ ಇದಕ್ಕಿಂತ ಏನು ಬೇಕು? ಡಿಎಲ್‌ಎಫ್ ಸೈಬರ್ ಸಿಟಿ ಡೆವಲಪರ್ಸ್ ಕಂಪನಿಯಲ್ಲಿ ಪ್ರವರ್ತಕರ ಕುಟುಂಬಕ್ಕಿದ್ದ ಶೇ. 40ರ ಪಾಲು ಆಗ ಮಾರಾಟವಾಯಿತು. ಶೇ. 33.34 ಜಿಐಸಿಗೆ, ಸುಮಾರು 8,900 ಕೋಟಿ ರೂಪಾಯಿಗೆ. ಉಳಿದದ್ದನ್ನು ಕಂಪನಿಯೇ ವಾಪಸ್ ಕೊಂಡಿತು. ಆಗ ಕಂಪನಿಯ ಬಳಿ ಗುರುಗ್ರಾಮವೂ ಚೆನ್ನೈ, ಹೈದರಾಬಾದ್ ಮೊದಲಾದ ಊರುಗಳೂ ಸೇರಿ ಸುಮಾರು 2.7 ಕೋಟಿ ಚದರಡಿ ಇತ್ತು. ವರ್ಷದ ಬಾಡಿಗೆ 2,400 ಕೋಟಿಯ ಹತ್ತಿರ. ಮೂರನೇ ಒಂದು ಪಾಲು ಅಂದರೆ 800 ಕೋಟಿ, 8,900ಕ್ಕೆ ಶೇ. 9. ನೋಡಲು ಚೆಂದ. ಆದರೆ ಆ ಕಂಪನಿಯ ಮೇಲೆ ದೊಡ್ಡ ಸಾಲವೂ ಇತ್ತು. ಬರುವ ಬಾಡಿಗೆಯನ್ನೇ ಅಡವಿಟ್ಟು ನಮ್ಮಂಥ ಬ್ಯಾಂಕಿನವರು ಕೊಡುವ ಸಾಲಕ್ಕೆ 'ಲೀಸ್ ರೆಂಟಲ್ ಡಿಸ್ಕೌಂಟಿಂಗ್' ಅನ್ನುತ್ತೇವೆ. ಅಲ್ಲಿ ಬಾಡಿಗೆ ಮೊದಲು ಬ್ಯಾಂಕಿನ ಖಾತೆಗೆ ಬಂದು, ಕಂತು ಮುರಿದುಕೊಂಡು, ಆಮೇಲೆ ಒಡೆಯನ ಕಡೆ ಹೋಗುತ್ತದೆ. ಕಟ್ಟಡದ ಮೊದಲ ಒಡೆಯ ಬ್ಯಾಂಕೇ ಅಂತ ನಾನು ತಮಾಷೆ ಮಾಡುವುದುಂಟು.

ನಾಥೂಪುರದ ಹಳೆಯ ಮನೆಗಳವರೂ ಈಗ ಬಾಡಿಗೆಯಲ್ಲೇ ಬದುಕುವವರು. ಹೊಲ ಹೋದರೂ ಊರೊಳಗಿನ ಜಾಗ ಉಳಿಯಿತು. ಅಲ್ಲಿ ನಾಲ್ಕೈದು ಮಹಡಿ ಎಬ್ಬಿಸಿ, ಕೋಣೆ ಕೋಣೆಯಾಗಿ ಸೈಬರ್ ಸಿಟಿಯ ಗಾರ್ಡುಗಳಿಗೆ, ಡ್ರೈವರುಗಳಿಗೆ, ಬಿಹಾರ ಬಂಗಾಳದಿಂದ ಬಂದವರಿಗೆ ಕೊಟ್ಟಿದ್ದಾರೆ. ರಸ್ತೆಯ ಆ ಬದಿ ಸಿಂಗಪುರದ ಬಾಡಿಗೆ, ಈ ಬದಿ ಚೌಧರಿಯ ಬಾಡಿಗೆ. ಚೌಧರಿಗೆ ಡಾಲರಿನ ಚಿಂತೆಯಿಲ್ಲ.

ನಮ್ಮಂಥವರಿಗೆ ಈ ಬಾಡಿಗೆಯ ಚೂರು ಕೊಳ್ಳುವ ದಾರಿ ಸಿಕ್ಕಿದ್ದು ತಡವಾಗಿ. ಸೆಬಿ 2014ರಲ್ಲೇ ರೀಟ್ ನಿಯಮ ಮಾಡಿತು. ಮೊದಲ ರೀಟ್ ಪೇಟೆಗೆ ಬಂದದ್ದು 2019ರ ಏಪ್ರಿಲ್‌ನಲ್ಲಿ. ಅದೂ ಬೆಂಗಳೂರಿನದೇ, ಮಾನ್ಯತಾ ಪಾರ್ಕಿನ ಎಂಬೆಸಿ. ಅದರಲ್ಲಿ ದೊಡ್ಡ ಪಾಲು ಅಮೆರಿಕದ ಬ್ಲ್ಯಾಕ್‌ಸ್ಟೋನ್‌ನದು. 2023ರ ಡಿಸೆಂಬರ್‌ನಲ್ಲಿ ಬ್ಲ್ಯಾಕ್‌ಸ್ಟೋನ್ ಉಳಿದಿದ್ದ ಪಾಲನ್ನೆಲ್ಲ ಮಾರಿ ಹೊರಬಂತು. ಕೊಂಡವರಲ್ಲಿ ನಮ್ಮ ಮ್ಯೂಚುವಲ್ ಫಂಡುಗಳೂ ಇದ್ದವು. ಡೂಂಡಾಹೇಡಾದ ಪಾರ್ಕು 2021ರ ಫೆಬ್ರುವರಿಯಲ್ಲಿ ಬ್ರೂಕ್‌ಫೀಲ್ಡ್ ರೀಟ್ ಆಗಿ ಮುಂಬಯಿ ಪೇಟೆಗೆ ಬಂತು. 2023ರಲ್ಲಿ ಟೀಕ್ರಿಯದನ್ನು ಆ ರೀಟ್ ಅರ್ಧ ಕೊಂಡಿತು, ಇನ್ನರ್ಧ ಕೊಂಡವರು ಯಾರು ಗೊತ್ತೇ? ಅದೇ ಜಿಐಸಿ! ಒಂದು ಮಾತಂತೂ ಹೇಳುತ್ತೇನೆ: ಇಪ್ಪತ್ತು ವರ್ಷ ಕಾದು ಕೂರುವ ತಾಳ್ಮೆ ಇರುವ ದುಡ್ಡಿಗೆ ಈ ಆಟ ಒಗ್ಗುತ್ತದೆ. ಏಳೆಂಟು ವರ್ಷಕ್ಕೆ ವಾಪಸ್ ಬೇಕು ಅನ್ನುವ ದುಡ್ಡಿಗೆ ಪೇಟೆಯ ಗಾಳಿ ಅನುಕೂಲವಾಗಿ ಬೀಸಬೇಕು.

ಈಗ ಗಾಳಿ ಆ ಕಡೆಗೂ ಬೀಸುತ್ತಿದೆ. ಗುರುಗ್ರಾಮದ ಹೋಟೆಲುಗಳಲ್ಲಿ ದುಬೈ ಆಸ್ತಿಯ ಪ್ರದರ್ಶನಗಳು ನಡೆಯುತ್ತವೆ. ವಿದೇಶಿಯರಿಗೆ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಪೂರ್ತಿ ಒಡೆತನ ಕೊಡುವ ಕಾನೂನನ್ನು ದುಬೈ 2006ರಲ್ಲಿ ಮಾಡಿತು. ಅಲ್ಲಿ ಆಫೀಸು, ಅಂಗಡಿ ನಿಮ್ಮ ಹೆಸರಲ್ಲೇ ಆಗುತ್ತದೆ. ನಮ್ಮ ಕಡೆಯಿಂದ ದುಡ್ಡು ಕಳಿಸುವ ದಾರಿ 2004ರ ಫೆಬ್ರುವರಿಯಲ್ಲಿ ತೆರೆಯಿತು, ವರ್ಷಕ್ಕೆ 25,000 ಡಾಲರ್. ಏರುತ್ತಾ ಏರುತ್ತಾ 2007ರಲ್ಲಿ ಎರಡು ಲಕ್ಷ ಆಯಿತು. 2013ರ ಆಗಸ್ಟ್‌ನಲ್ಲಿ, ಅಂದರೆ ರೂಪಾಯಿ ಪಾತಾಳಕ್ಕಿಳಿದ ಅದೇ ತಿಂಗಳು, ರಿಸರ್ವ್ ಬ್ಯಾಂಕ್ ಅದನ್ನು 75,000ಕ್ಕೆ ಇಳಿಸಿ ಈ ದಾರಿಯಲ್ಲಿ ಹೊರದೇಶದ ಸ್ಥಿರಾಸ್ತಿ ಕೊಳ್ಳಬೇಡಿ ಎಂದಿತು. 2015ರಿಂದ ಎರಡೂವರೆ ಲಕ್ಷ ಡಾಲರ್, ಸ್ಥಿರಾಸ್ತಿಗೂ ಅವಕಾಶವಿದೆ. ಇದಕ್ಕೆ ಬ್ಯಾಂಕ್ ಸಾಲ ಕೊಡುವ ಹಾಗಿಲ್ಲ, ಸ್ವಂತ ದುಡ್ಡೇ ಆಗಬೇಕು. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಶೇ. 20 ಟಿಸಿಎಸ್ ಮೊದಲೇ ಕಟ್ಟಬೇಕು (ರಿಟರ್ನ್ ಹಾಕುವಾಗ ಸಿಗುತ್ತದೆ ಅನ್ನಿ).

ಇಲ್ಲಿ ಲೆಕ್ಕ ತಿರುಗುಮುರುಗು. ರೂಪಾಯಿ ಬಿದ್ದಷ್ಟೂ ದುಬೈಯಲ್ಲಿ ಅಂಗಡಿ ಇಟ್ಟ ನಮ್ಮವನಿಗೆ ಲಾಭ. ಆದರೆ ಬಾಡಿಗೆದಾರ ಬಿಟ್ಟು ಹೋದರೆ ಬೀಗದ ಕೈ ಇಸಿದುಕೊಳ್ಳಲು ವಿಮಾನ ಹತ್ತಬೇಕು. ಜಿಐಸಿಗೆ ಸೈಬರ್ ಸಿಟಿಯಲ್ಲಿ ಆ ಕೆಲಸ ಮಾಡಲು ಡಿಎಲ್‌ಎಫ್ ಇದೆ.