ದೊಣೆಯ ನೀರು, ಬೆಟ್ಟದ ದಾರಿ: ರಾಮನಗರ ಸೀಮೆಯ ಚಾರಣದ ಪೂರ್ವಚರಿತ್ರೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಬೆಟ್ಟಗಳಲ್ಲಿ ವಾರಾಂತ್ಯದ ಚಾರಣಿಗರು ಇಂದು ಹಿಡಿಯುವ ಹಾದಿಗಳಲ್ಲಿ ಬಹುಪಾಲು ಚಾರಣಕ್ಕೆಂದು ಹುಟ್ಟಿದವುಗಳಲ್ಲ. ಕೋಟೆಗೆ ದವಸ ಹೊತ್ತವರು, ಕಾವಲು ಕಾದವರು, ಕುರಿ ಮೇಯಿಸಿದವರು, ಹರಕೆ ತೀರಿಸಲು ಗುಡಿಗೆ ಏರಿದವರು ತಲೆಮಾರುಗಳ ಕಾಲ ತುಳಿದು ಸವೆಸಿದ ದಾರಿಗಳವು. ಆದ್ದರಿಂದ ಈ ಸೀಮೆಯ ಬೆಟ್ಟ ಹತ್ತುವ ಚರಿತ್ರೆಯನ್ನು ಬೆಂಗಳೂರಿನ ಸಾಹಸ ಸಂಘಗಳಿಂದ ಆರಂಭಿಸುವ ಬರವಣಿಗೆ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಆ ಸಂಘಗಳು ಹುಟ್ಟುವುದಕ್ಕೆ ಬಹಳ ಮೊದಲೇ, ಯಾವ ಮಾಸದಲ್ಲಿ ಹೊರಡಬೇಕು, ಎಲ್ಲಿ ತಂಗಬೇಕು, ಎಷ್ಟು ಬುತ್ತಿ ಕಟ್ಟಬೇಕು ಎಂಬುದನ್ನು ನಿರ್ಧರಿಸುವ ತಿಳಿವಳಿಕೆಯೊಂದು ಇಲ್ಲಿ ಬೆಳೆದಿತ್ತು. ಆ ತಿಳಿವಳಿಕೆ ಬೆಟ್ಟದ ಎತ್ತರಕ್ಕಿಂತ ಅದರ ಮೇಲೆ ದೊರೆಯುವ ನೀರನ್ನು ಆಧರಿಸಿತ್ತು.

ಇದಕ್ಕೆ ಕಾರಣ ಈ ನೆಲದ ಕಲ್ಲಿನಲ್ಲಿಯೇ ಇದೆ. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ, ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಶಿಲಾಪಟ್ಟಿ ಉತ್ತರ ದಕ್ಷಿಣವಾಗಿ ಈ ತಾಲ್ಲೂಕುಗಳನ್ನು ಹಾದುಹೋಗುತ್ತದೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರು ಬಂದಿತ್ತು. ಊರು ಆ ಹೆಸರನ್ನು ಬಿಟ್ಟುಕೊಟ್ಟ ಮೇಲೂ ಕಲ್ಲು ಅದನ್ನು ಉಳಿಸಿಕೊಂಡಿದೆ. ಈ ಗ್ರಾನೈಟ್ ಬಿಸಿಲು ಮಳೆಗಳಿಗೆ ಸಿಕ್ಕಿ ಪದರ ಪದರವಾಗಿ ಸುಲಿದು, ಮಣ್ಣು ನಿಲ್ಲದ ನುಣುಪಾದ ಗುಮ್ಮಟಗಳಾಗಿ ಉಳಿದಿರುವುದರಿಂದ, ಮಳೆ ಎಷ್ಟೇ ಸುರಿದರೂ ನೀರು ಹಾಸುಬಂಡೆಯ ಮೇಲಿಂದ ಜಾರಿ ತಪ್ಪಲಿನ ಕೆರೆಗಳನ್ನು ಸೇರುತ್ತದೆಯೇ ಹೊರತು ಬೆಟ್ಟದಲ್ಲಿ ಇಂಗುವುದಿಲ್ಲ. ಮೇಲೆ ಉಳಿಯುವುದು ದೊಣೆಗಳಲ್ಲಿ, ಅಂದರೆ ಬಂಡೆಯ ಸಹಜ ತಗ್ಗುಗಳಲ್ಲಿ ನಿಂತ ನೀರು ಮಾತ್ರ. ಫಾಲ್ಗುಣ ಚೈತ್ರಗಳ ಹೊತ್ತಿಗೆ ಕಾದ ಬಂಡೆಯ ಮೇಲೆ ನಡೆಯುವವನ ಸ್ಥಿತಿ ಮರುಭೂಮಿಯ ಪಯಣಿಗನ ಸ್ಥಿತಿಗಿಂತ ಬಹಳ ಭಿನ್ನವಲ್ಲ. ಹೊತ್ತ ನೀರಿನ ಪ್ರಮಾಣವೇ ಅವನು ಹೋಗಬಹುದಾದ ದೂರವನ್ನು ನಿಗದಿಪಡಿಸುತ್ತದೆ.

ಬೆಟ್ಟದ ಮೇಲೆ ಮನುಷ್ಯರು ತಿಂಗಳುಗಟ್ಟಲೆ ತಂಗುವ ಏರ್ಪಾಡನ್ನು ವ್ಯವಸ್ಥಿತವಾಗಿ ರೂಪಿಸಿದವರು ಪಾಳೆಯಗಾರರು. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನಿಗೆ ಬೆಂಗಳೂರನ್ನು ಬಿಟ್ಟುಕೊಟ್ಟ ಇಮ್ಮಡಿ ಕೆಂಪೇಗೌಡ ಮಾಗಡಿಯನ್ನು ತನ್ನ ನೆಲೆಯನ್ನಾಗಿ ಮಾಡಿಕೊಂಡ ಮೇಲೆ, ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಸಾವನದುರ್ಗ ಆ ಮನೆತನದ ಆಶ್ರಯದುರ್ಗವಾಗಿ ಬೆಳೆಯಿತು. ಕರಿಗುಡ್ಡ ಮತ್ತು ಬಿಳಿಗುಡ್ಡ ಎಂಬ ಎರಡು ಶಿಖರಗಳೂ ಅವುಗಳ ನಡುವಿನ ಕಂದರವೂ ಸೇರಿ ಆದ ಈ ದುರ್ಗದಲ್ಲಿ, ಇಳಿಜಾರು ತೀರ ಕಡಿದಾದ ಕಡೆ ಕಲ್ಲಿನಲ್ಲೇ ಕಾಲಿಡುವ ಗುರುತುಗಳನ್ನು ಕೊರೆದು, ಏರಬಹುದಾದ ಕಡೆಯಲ್ಲೆಲ್ಲ ಗೋಡೆ ಅಡ್ಡಗಟ್ಟಲಾಗಿತ್ತು. ಇಂದು ಚಾರಣಿಗರು ಕೈಕಾಲು ಊರಿ ಹತ್ತುವ ಜಾಗಗಳಲ್ಲಿ ಅನೇಕವು ಈ ಅಡ್ಡಗೋಡೆಗಳ ಬಾಗಿಲುಗಳಿದ್ದ ಜಾಗಗಳೇ. ಕೋಟೆ ಕಟ್ಟುವವರು ಮೊದಲು ದೊಣೆಗಳನ್ನು ಗುರುತಿಸಿ, ಕೆಲವನ್ನು ಕಟ್ಟೆ ಹಾಕಿ ಹಿಗ್ಗಿಸಿ, ಆಮೇಲೆ ಅವುಗಳನ್ನು ಒಳಗೊಳ್ಳುವಂತೆ ಗೋಡೆಯ ಸುತ್ತನ್ನು ಎಳೆಯಬೇಕಾಗಿತ್ತು, ಏಕೆಂದರೆ ನೀರಿಲ್ಲದ ಕೋಟೆ ಎಷ್ಟೇ ದುರ್ಗಮವಾಗಿದ್ದರೂ ಮುತ್ತಿಗೆಯನ್ನು ತಾಳುವಂತಿರಲಿಲ್ಲ. 1728ರಲ್ಲಿ ಮೈಸೂರಿನ ಸೇನೆ ಮಾಗಡಿಯನ್ನೂ ಸಾವನದುರ್ಗವನ್ನೂ ವಶಪಡಿಸಿಕೊಂಡು ಮನೆತನದ ಕೊನೆಯ ದೊರೆಯನ್ನು ಶ್ರೀರಂಗಪಟ್ಟಣದಲ್ಲಿ ಸೆರೆಯಿಟ್ಟಿತು.

ಬೆಟ್ಟದ ಮೇಲಿನ ಬದುಕನ್ನು ನೀರೇ ನಿರ್ಧರಿಸುತ್ತದೆಂಬ ಸತ್ಯವನ್ನು ಕನಕಪುರದ ಕಡೆಯ ಕಬ್ಬಾಳುದುರ್ಗ ಕ್ರೂರವಾಗಿ ತೋರಿಸುತ್ತದೆ. ಶಂಕುವಿನಂತೆ ಮೇಲೆದ್ದ ಈ ಬೆಟ್ಟವನ್ನು ಮೈಸೂರಿನ ಆಡಳಿತ ಸೆರೆಮನೆಯಾಗಿ ಬಳಸಿಕೊಂಡಿತು. 1734ರಲ್ಲಿ ಪದಚ್ಯುತನಾದ ಏಳನೆಯ ಚಾಮರಾಜ ಒಡೆಯರನ್ನು ಕಳುಹಿಸಿದ್ದು ಇಲ್ಲಿಗೇ, ಅವನು ತೀರಿಕೊಂಡದ್ದೂ ಇಲ್ಲಿಯೇ. ಮೇಲಿನ ನೀರೂ ಗಾಳಿಯೂ ಆರೋಗ್ಯಕ್ಕೆ ಮಾರಕವೆಂಬ ಅಪಕೀರ್ತಿ ಈ ದುರ್ಗಕ್ಕೆ ಬಹುಕಾಲ ಅಂಟಿಕೊಂಡಿತ್ತು. ತಪ್ಪಲಿನ ಕಬ್ಬಾಳಮ್ಮನ ಗುಡಿಗೆ ಬರುವ ಜನಸಾಗರದ ನಡುವೆ ನಿಂತು ನೋಡಿದಾಗ, ಕಬ್ಬಾಳಿನ ನೆತ್ತಿ ಒಂದು ಕಾಲಕ್ಕೆ ಮನುಷ್ಯರು ಹೋಗಬಯಸದ ಜಾಗವಾಗಿತ್ತೆಂದು ನಂಬುವುದು ಕಷ್ಟ.

ಬೆಟ್ಟಕ್ಕೆ ಹೋಗುವ ಸಿದ್ಧತೆ ಅತಿ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಮೂರನೆಯ ಮೈಸೂರು ಯುದ್ಧದಲ್ಲಿ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೂ ಹೋದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್‌ನ ಸೈನ್ಯ ಮಳೆಗೆ ಸಿಕ್ಕು, ಎತ್ತುಗಳು ಸತ್ತು, ದವಸ ಮುಗಿದು, ಮುತ್ತಿಗೆಯ ತೋಪುಗಳನ್ನು ತಾನೇ ನಾಶಪಡಿಸಿ ಹಿಮ್ಮೆಟ್ಟಬೇಕಾಯಿತು. ಎರಡನೆಯ ಬಾರಿ ಹೊರಡುವ ಮುನ್ನ ಅವನು ಮಳೆಗಾಲ ಕಳೆಯುವವರೆಗೆ ಕಾದ. ಧಾನ್ಯ ಸಾಗಣೆಯನ್ನು ಬಹುಮಟ್ಟಿಗೆ ಲಂಬಾಣಿಗಳ ಎತ್ತಿನ ಹಿಂಡುಗಳಿಗೆ ವಹಿಸಿದ. ಬೆಂಗಳೂರು ಮತ್ತು ಶ್ರೀರಂಗಪಟ್ಟಣಗಳ ನಡುವಿನ ದಾರಿಯ ಮೇಲೆ ಕಣ್ಣಿಟ್ಟಿದ್ದ ಗಿರಿದುರ್ಗಗಳನ್ನು ಒಂದೊಂದಾಗಿ ತೆರವುಗೊಳಿಸಲು ನಿರ್ಧರಿಸಿದ. ಸಾವನದುರ್ಗದ ಸುತ್ತಲಿನ ದಟ್ಟ ಬಿದಿರುಮೆಳೆಯನ್ನು ಕಡಿದು, ತೋಪುಗಳನ್ನು ಬಂಡೆಗಳ ಮೇಲೆ ಎಳೆದೊಯ್ದು, 1791ರ ಡಿಸೆಂಬರ್ 21ರಂದು ಕೋಟೆಯನ್ನು ಹಿಡಿಯಲಾಯಿತು; ರಾಮಗಿರಿ, ಶಿವಗಿರಿ, ಹುತ್ರಿದುರ್ಗಗಳೂ ಅದರ ಬೆನ್ನಲ್ಲೇ ಬಿದ್ದವು. ಸೈನ್ಯದೊಂದಿಗಿದ್ದ ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಪ್ರಕಟಿಸಿದ ದೃಶ್ಯಸಂಪುಟದಿಂದ ಈ ಬೆಟ್ಟಗಳು ಯೂರೋಪಿನ ಓದುಗರಿಗೆ ಪರಿಚಯವಾದವು. ಬೆಟ್ಟವನ್ನು ಅದರ ನೋಟಕ್ಕಾಗಿ ಅರಸಿ ಬರುವ ರೂಢಿ ಈ ಸೀಮೆಯಲ್ಲಿ ಹೀಗೆ ಯುದ್ಧದ ಹಿಂದೆಯೇ ಕಾಲಿಟ್ಟಿತೆಂಬುದು ಮರೆಯಬಾರದ ಸಂಗತಿ.

ಯುದ್ಧದ ನಂತರ ಬಂದವರು ಅಳೆಯುವವರು ಮತ್ತು ಬರೆದುಕೊಳ್ಳುವವರು. 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಡೇರೆ ಹೂಡುತ್ತ ಮಾಗಡಿ, ಸಾವನದುರ್ಗ, ರಾಮಗಿರಿ, ಚನ್ನಪಟ್ಟಣಗಳನ್ನು ಹಾದುಹೋಗಿ, ಸಾವನದುರ್ಗದ ಕಾಡಿನ ಮರಗಳ ಪಟ್ಟಿಯನ್ನೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ತಯಾರಾಗುತ್ತಿದ್ದ ಉಕ್ಕಿನ ತಂತಿಯ ವಿವರವನ್ನೂ ದಾಖಲಿಸಿದ. ಅದೇ ವರ್ಷ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದ ವಿಲಿಯಂ ಲ್ಯಾಂಬ್ಟನ್, ದೂರದ ಎತ್ತರಗಳನ್ನು ತ್ರಿಕೋನಗಳಾಗಿ ಜೋಡಿಸಿ ದೇಶವನ್ನು ಅಳೆಯುವ ತನ್ನ ತ್ರಿಕೋನಮಿತಿ ಮೋಜಣಿಯಲ್ಲಿ ಸಾವನದುರ್ಗವನ್ನೂ ಒಂದು ನೆಲೆಯನ್ನಾಗಿ ಬಳಸಿದ.

ಇಷ್ಟೆಲ್ಲ ದಾಖಲೆ ಬಿಟ್ಟುಹೋದವರು ಹೊರಗಿನವರು ಅಥವಾ ಅರಸರು. ದಾಖಲೆ ಬಿಡದೆ ಹೋದವರ ನಡಿಗೆಯೇ ಈ ಚರಿತ್ರೆಯ ಹೆಚ್ಚು ಸತ್ವಯುತವಾದ ಭಾಗ, ಮತ್ತು ಅದರ ಅತ್ಯುತ್ತಮ ನಿದರ್ಶನ ಇಂದಿಗೂ ಜೀವಂತವಾಗಿರುವ ಮಲೆ ಮಹದೇಶ್ವರ ಬೆಟ್ಟದ ಪಾದಯಾತ್ರೆ. ಮಹಾಶಿವರಾತ್ರಿಯ ಮುಂಚಿನ ದಿನಗಳಲ್ಲಿ ಬೆಂಗಳೂರು, ಮಾಗಡಿ, ರಾಮನಗರ, ಚನ್ನಪಟ್ಟಣಗಳ ಕಡೆಯಿಂದ ಹೊರಟ ಭಕ್ತರು ಕನಕಪುರವನ್ನು ಸೇರಿ, ಅಲ್ಲಿಂದ ಸುಮಾರು 35 ಕಿಲೋಮೀಟರ್ ದೂರದ ಸಂಗಮಕ್ಕೆ, ಅಂದರೆ ಅರ್ಕಾವತಿ ಕಾವೇರಿಯನ್ನು ಕೂಡುವ ಎಡೆಗೆ ಬಂದು, ಕಾವೇರಿಯನ್ನು ಕಾಲ್ನಡಿಗೆಯಲ್ಲೇ ದಾಟಿ, ಆಚೆಯ ಕಾಡನ್ನು ಹೊಕ್ಕು, ಶಾಗ್ಯ, ಹನೂರುಗಳ ಮೂಲಕ ತಾಳಬೆಟ್ಟವನ್ನು ತಲುಪಿ ಮಹದೇಶ್ವರನ, ಅಂದರೆ ಮಾದಪ್ಪನ ಸನ್ನಿಧಿಗೆ ಏರುತ್ತಾರೆ. ಹಲವು ದಿನ ಹಿಡಿಯುವ, ಊರು, ಹೊಳೆ, ಆನೆಗಳಿರುವ ಕಾಡು, ಬೆಟ್ಟ ಎಲ್ಲವನ್ನೂ ಒಳಗೊಂಡ ಈ ನಡಿಗೆಯ ಹಿಂದಿರುವ ಯೋಜನೆ ಯಾವ ಪರ್ವತಾರೋಹಣ ಸಂಸ್ಥೆಯ ಯೋಜನೆಗೂ ಕಡಿಮೆಯದಲ್ಲ.

ಮೊದಲನೆಯದಾಗಿ ಕಾಲದ ಆಯ್ಕೆಯನ್ನು ನೋಡಬಹುದು. ಶಿವರಾತ್ರಿ ಮಾಘ ಬಹುಳದಲ್ಲಿ ಬರುವುದರಿಂದ ಆ ಹೊತ್ತಿಗೆ ಕಾವೇರಿಯ ಹರಿವು ತಗ್ಗಿ ಬಂಡೆಗಳು ಮೇಲೆದ್ದಿರುತ್ತವೆ, ಚಳಿ ಹಿಂದೆಗೆದಿರುತ್ತದೆ, ಬೇಸಗೆಯ ಉರಿ ಇನ್ನೂ ಏರಿರುವುದಿಲ್ಲ, ರಾಗಿಯ ಒಕ್ಕಣೆ ಮುಗಿದು ರೈತನ ಕೈ ಬಿಡುವಾಗಿರುತ್ತದೆ. ಹೊಳೆ ದಾಟುವ ಜಾಗದಲ್ಲಿ ಒಂದು ದಡದಿಂದ ಇನ್ನೊಂದು ದಡಕ್ಕೆ ಹಗ್ಗ ಬಿಗಿದು, ಅದನ್ನು ಹಿಡಿದು ಸಾಲಾಗಿ ನಡೆಯುವ ಕ್ರಮವಿದೆ. ಕಾಡಿನ ದಾರಿಯಲ್ಲಿ ಯಾರೂ ಒಂಟಿಯಾಗಿ ಉಳಿಯದಂತೆ ಗುಂಪುಗೂಡಿ, ಉಘೇ ಮಾದಪ್ಪ ಎಂಬ ಉದ್ಘೋಷದೊಂದಿಗೆ ಸಾಗುವುದು ಭಕ್ತಿಯ ಅಭಿವ್ಯಕ್ತಿಯಾಗಿರುವಂತೆಯೇ ಆನೆಗೆ ಮನುಷ್ಯರ ಇರವನ್ನು ಮುಂಚಿತವಾಗಿ ತಿಳಿಸುವ ಉಪಾಯವೂ ಆಗಿದೆ. ಬುತ್ತಿಯೂ ದೂರದ ಅಳತೆಗೆ ತಕ್ಕಂತೆ ಇರುತ್ತಿತ್ತು: ಒಲೆ ಹೂಡದೆ ನೀರೋ ಮಜ್ಜಿಗೆಯೋ ಬೆರೆಸಿ ತಿನ್ನಬಹುದಾದ, ಬೇಗ ಕೆಡದ ಹುರಿಹಿಟ್ಟು, ಅವಲಕ್ಕಿ, ರೊಟ್ಟಿಗಳು ಹಳೆಯ ಮೈಸೂರು ಸೀಮೆಯ ದಾರಿಯ ಆಹಾರಗಳು.

ಈ ಯಾತ್ರೆಯ ಬೆನ್ನೆಲುಬಾಗಿರುವುದು ಅರವಟ್ಟಿಗೆ, ಎಂದರೆ ದಾರಿಹೋಕರಿಗೆ ನೀರು, ಮಜ್ಜಿಗೆ, ಪಾನಕಗಳನ್ನು ಬೆಲೆಯಿಲ್ಲದೆ ಕೊಡುವ ಚಪ್ಪರ. ಕನಕಪುರದಿಂದ ಸಂಗಮದವರೆಗಿನ ಹಳ್ಳಿಗಳವರು ತಮ್ಮ ತಮ್ಮೊಳಗೆ ಹೊಣೆ ಹಂಚಿಕೊಂಡು ನೀರು, ಊಟ, ಮಲಗುವ ಜಾಗಗಳನ್ನು ಒದಗಿಸುವುದರಿಂದ, ನಡೆಯುವವನು ಇಡೀ ದಾರಿಯ ಭಾರವನ್ನು ಬೆನ್ನ ಮೇಲೆ ಹೊರಬೇಕಾಗುವುದಿಲ್ಲ. ಹಳೆಯ ದಾರಿಗಳ ಪಕ್ಕದಲ್ಲಿ ಇಂದಿಗೂ ಕಾಣುವ ಹೊರೆಗಲ್ಲುಗಳು, ಅಂದರೆ ತಲೆಯ ಮೇಲಿನ ಹೊರೆಯನ್ನು ಇನ್ನೊಬ್ಬರ ನೆರವಿಲ್ಲದೆ ಇಳಿಸಿ ಮತ್ತೆ ಏರಿಸಿಕೊಳ್ಳಲು ಆಳೆತ್ತರಕ್ಕೆ ನಿಲ್ಲಿಸಿದ ಕಲ್ಲುಗಳು, ಮಂಟಪಗಳು ಮತ್ತು ಕಲ್ಯಾಣಿಗಳು ಇದೇ ಪುಣ್ಯಕಾರ್ಯದ ಶಿಲಾರೂಪಗಳು. ಆಧುನಿಕ ಚಾರಣ ಸ್ವಾವಲಂಬನೆಯನ್ನು ಆದರ್ಶವಾಗಿಟ್ಟುಕೊಂಡಿದೆ. ಈ ಪರಂಪರೆ ದಾರಿಯನ್ನೇ ಆತಿಥ್ಯದ ಮನೆಯನ್ನಾಗಿ ಮಾಡಿತು. ಎರಡನೆಯದನ್ನು ಸಾಹಸದ ಚರಿತ್ರೆಯಿಂದ ಹೊರಗಿಟ್ಟು ಬರೀ ಧಾರ್ಮಿಕ ಆಚರಣೆಯೆಂದು ವರ್ಗೀಕರಿಸುವುದು ಅನ್ಯಾಯ.

1881-82ರಲ್ಲಿ ಬೆಂಗಳೂರು ಮೈಸೂರು ರೈಲುಮಾರ್ಗ ಸಂಚಾರಕ್ಕೆ ತೆರೆದ ಮೇಲೆ ರಾಮನಗರದ ಬೆಟ್ಟಗಳು ನಗರಕ್ಕೆ ಒಂದು ದಿನದ ಅಳತೆಯೊಳಗೆ ಬಂದವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಂಗಳೂರಿನ ಆರೋಹಿಗಳು ಈ ಬಂಡೆಗಳನ್ನು ತರಬೇತಿಯ ನೆಲೆಗಳನ್ನಾಗಿ ಮಾಡಿಕೊಂಡರು, ಮತ್ತು ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಶಿಲಾರೋಹಣ ತರಬೇತಿಗೂ ರಾಮನಗರ ನೆಲೆಯಾಯಿತು. ಹಿಡಿಯಲು ಸೀಳುಗಳಿಲ್ಲದ ಇಳಿಜಾರು ಹಾಸುಬಂಡೆಯನ್ನು ಬೂಟಿನ ತಳ ಮತ್ತು ಕಲ್ಲಿನ ನಡುವಿನ ಘರ್ಷಣೆಯ ಬಲದಿಂದಲೇ ಏರುವ ವಿಧಾನಕ್ಕೆ ಸಾವನದುರ್ಗ ಹೆಸರುವಾಸಿಯಾದದ್ದು ಅದರ ಸುಲಿದ ಮೈಯ ಕಾರಣದಿಂದ. ಬಂಡೆ ಒದ್ದೆಯಾದರೆ ಆ ಘರ್ಷಣೆ ಇಲ್ಲವಾಗುವುದರಿಂದ, ಮಳೆ ಮುಗಿಯುವುದನ್ನು ಕಾಯುವ ಹಳೆಯ ನಿಯಮ ಹೊಸ ಆರೋಹಿಗಳಿಗೂ ಅನ್ವಯಿಸಿತು. 1975ರಲ್ಲಿ ತೆರೆಕಂಡ ಶೋಲೆ ಚಿತ್ರದ ಹಳ್ಳಿಯ ಸೆಟ್ ರಾಮನಗರದ ಬಂಡೆಗಳ ನಡುವೆ ನಿಂತದ್ದರಿಂದ ಇನ್ನೊಂದು ಬಗೆಯ ಯಾತ್ರಿಕರೂ ರಾಮದೇವರ ಬೆಟ್ಟಕ್ಕೆ ಬರತೊಡಗಿದರು.

ಆ ರಾಮದೇವರ ಬೆಟ್ಟವೇ ಮುಂದೆ ಪ್ರವೇಶದ ಪ್ರಶ್ನೆಯನ್ನು ಹೊಸದಾಗಿ ಎತ್ತಿತು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಔಷಧಿ ಅವುಗಳ ಕಳೇಬರವನ್ನು ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ಕೊಲ್ಲುತ್ತದೆಂದು ಸಾಬೀತಾಗಿ, 2006ರಲ್ಲಿ ಭಾರತ ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸುವ ಹೊತ್ತಿಗೆ ಈ ಹಕ್ಕಿಗಳ ಸಂಖ್ಯೆ ದೇಶದಾದ್ಯಂತ ಕುಸಿದಿತ್ತು. ಉದ್ದಕೊಕ್ಕಿನ ರಣಹದ್ದುಗಳು ಕಡಿದಾದ ಬಂಡೆಯ ಚಾಚುಗಳಲ್ಲಿ ಗೂಡು ಮಾಡಿಕೊಂಡು ಇನ್ನೂ ಉಳಿದಿದ್ದ ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರ್ ಪ್ರದೇಶವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ಅಮೆರಿಕದ ಯೋಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಪೆರಿಗ್ರಿನ್ ಫಾಲ್ಕನ್ ಎಂಬ ಬೇಟೆಹಕ್ಕಿ ಗೂಡು ಕಟ್ಟುವ ಕಾಲದಲ್ಲಿ ಕೆಲವು ಬಂಡೆಗಳ ಆರೋಹಣವನ್ನು ನಿಲ್ಲಿಸುವ ಕ್ರಮವಿರುವಂತೆ, ಇಲ್ಲಿಯೂ ಗೂಡಿರುವ ಬಂಡೆಗಳನ್ನು ಆರೋಹಿಗಳು ಬಿಟ್ಟುಕೊಡಬೇಕಾಯಿತು; ರಾಮನ ಗುಡಿಗೆ ಹೋಗುವ ಮೆಟ್ಟಿಲುದಾರಿ ಮಾತ್ರ ಭಕ್ತರಿಗೆ ತೆರೆದಿದೆ. ಗುಡಿಗೆ ಹೋಗುವ ಹಕ್ಕನ್ನೂ ಹಕ್ಕಿ ಬದುಕುವ ಹಕ್ಕನ್ನೂ ಒಟ್ಟಿಗೆ ಕಾಯುವ ಈ ಏರ್ಪಾಡು ಸುಲಭದ್ದಲ್ಲ, ಆದರೆ ಸರಿಯಾದದ್ದು.

ಕಾಡಿನಲ್ಲಿ ಡೇರೆ ಹೂಡುವ ವಿಷಯದಲ್ಲಿಯೂ ಇದೇ ಬಗೆಯ ಬದಲಾವಣೆ ಆಯಿತು. 1987ರಲ್ಲಿ ಕಾವೇರಿ ವನ್ಯಜೀವಿಧಾಮ ರೂಪುಗೊಂಡ ಮೇಲೆ ಸಂಗಮ, ಮೇಕೆದಾಟುಗಳ ಆಸುಪಾಸಿನ ದಡಗಳಲ್ಲಿ ಇಷ್ಟಬಂದಂತೆ ರಾತ್ರಿ ಕಳೆಯುವ ಅವಕಾಶ ಹೋಗಿ, ಗಾಳಿಬೋರೆಯಂಥ ನಿಗದಿತ ಶಿಬಿರಗಳು ಉಳಿದವು. ರಾಜ್ಯದ ಇತರ ಚಾರಣಪಥಗಳಂತೆ ಈ ಸೀಮೆಯ ಬೆಟ್ಟಗಳಿಗೂ ಅಂತರ್ಜಾಲದ ಮೂಲಕ ಮುಂಗಡ ಟಿಕೆಟ್ ಪಡೆಯುವ ವ್ಯವಸ್ಥೆ ಬಂದಿದೆ. ಈ ವ್ಯವಸ್ಥೆ ಹೋಗುವವರ ಸಂಖ್ಯೆಯನ್ನು ನಿಯಂತ್ರಿಸುತ್ತದೆ, ಆದರೆ ನೀರು ಎಲ್ಲಿದೆ, ಯಾವ ದೊಣೆ ಯಾವ ಮಾಸದವರೆಗೆ ಉಳಿಯುತ್ತದೆ, ಯಾವ ಕಣಿವೆಯಲ್ಲಿ ಸಂಜೆ ಕರಡಿ ಇಳಿಯುತ್ತದೆ ಎಂಬ ತಿಳಿವಳಿಕೆ ಇನ್ನೂ ತಪ್ಪಲಿನ ಹಳ್ಳಿಗಳ ಕುರಿಗಾಹಿಗಳಲ್ಲಿ ಮತ್ತು ಗುಡಿಯ ಪೂಜಾರಿಗಳಲ್ಲಿಯೇ ಇದೆ. ಕಲ್ಲುಗಣಿಗಳು ಇಡೀ ಗುಡ್ಡಗಳನ್ನು ಕರಗಿಸುತ್ತಿರುವ ಸೀಮೆಯಲ್ಲಿ ಅಂಥ ತಿಳಿವಳಿಕೆಯನ್ನು ತಾಲ್ಲೂಕುವಾರು ಬರೆದಿಡುವ ಕೆಲಸ ತುರ್ತಿನದು. ಅದನ್ನು ಆರಂಭಿಸಲು ತಕ್ಕ ಜಾಗ ಕನಕಪುರದಿಂದ ಸಂಗಮಕ್ಕೆ ಹೋಗುವ ದಾರಿ. ಅಲ್ಲಿ ಶಿವರಾತ್ರಿಯ ಮುಂಚಿನ ವಾರದಲ್ಲಿ, ಅರಣ್ಯ ಇಲಾಖೆ ಒಪ್ಪಿಗೆ ಕೊಟ್ಟ ದಿನಗಳ ಮಟ್ಟಿಗೆ, ಎರಡು ಮೂರು ತಲೆಮಾರಿನ ನಡಿಗೆಯ ಅನುಭವವಿರುವವರು ಒಂದೇ ಅರವಟ್ಟಿಗೆಯ ಕೆಳಗೆ ಸಿಗುತ್ತಾರೆ.